ಅಂಬೇಡ್ಕರ್ ಜಯಂತಿ: ಮಾಲೆ, ಮೆರವಣಿಗೆ ಆಯ್ತು, ಮುಂದೇನು?

ಓದುಗರ ಪ್ರಶ್ನೆ: "ಪ್ರತಿ ವರ್ಷ ಏಪ್ರಿಲ್ 14ಕ್ಕೆ ನಮ್ಮೂರಾಗ ಪಟ್ಟಿ ಎತ್ತಿ ಬಾಬಾಸಾಹೇಬರ ಜಯಂತಿ ಮಾಡತೀವ್ರಿ. ಮೆರವಣಿಗೆ, ಡಿಜೆ, ಊಟ ಎಲ್ಲಾ ಇರತೈತಿ. ಮರುದಿನದಿಂದ ಮತ್ತ ಮೊದಲಿನಂಗ. ಇಷ್ಟ ಮಾಡಿದ್ರ ಅವರಿಗೆ ಗೌರವ ಕೊಟ್ಟಂಗ ಆಗತೈತೇನ್ರಿ? ಇನ್ನೇನ ಮಾಡಬೇಕ್ರಿ?"
(ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನಿಂದ)

ಉತ್ತರ: ಏಪ್ರಿಲ್ ಹತ್ತಿರ ಬಂದಾಗಲೆಲ್ಲ ರಾಯಚೂರು, ಕೊಪ್ಪಳ ಕಡೆಯ ಹುಡುಗರು ಇದನ್ನು ಕೇಳುತ್ತಾರೆ.

ಮೆರವಣಿಗೆ ಬಿಡಬೇಡಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ದಂಡದ ಖರ್ಚು ಎಂದು ಬುದ್ಧಿ ಹೇಳುವವರಿದ್ದಾರೆ, ನಾನು ಒಪ್ಪುವುದಿಲ್ಲ. ಅಗಸಿ ದಾಟಿ, ಹನುಮಪ್ಪನ ಗುಡಿ ಮುಂದೆ ಹಾಯ್ದು, ಚಪ್ಪಲಿ ಮೆಟ್ಟಿಕೊಂಡು, ಬಾಜಾ ಬಜಂತ್ರಿ ಸಮೇತ ಊರ ನಡುಬೀದಿಯಲ್ಲಿ ಹೋಗುವುದಕ್ಕೆ ದಲಿತರಿಗೆ ಎಷ್ಟೋ ಊರುಗಳಲ್ಲಿ ಅವಕಾಶವೇ ಇರಲಿಲ್ಲ. ಎಸ್‌ಸಿ/ಎಸ್‌ಟಿ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದಾಗ ಇದನ್ನೆಲ್ಲ ಹೆಸರು ಹಿಡಿದು ಸೇರಿಸಿದರು. ಮೆರವಣಿಗೆ ತೆಗೆಯುವುದನ್ನು, ಜಾತ್ರೆಯಲ್ಲಿ ಪಾಲ್ಗೊಳ್ಳುವುದನ್ನು, ಮದುವೆ ದಿಬ್ಬಣ ಹೊರಡುವುದನ್ನು, ಸೈಕಲ್ ಅಥವಾ ಬೈಕ್ ಹತ್ತುವುದನ್ನು, ಹೊಸ ಬಟ್ಟೆ ತೊಡುವುದನ್ನು ತಡೆದರೆ ಅಪರಾಧ. ಕಾನೂನಿನಲ್ಲಿ ಇಷ್ಟು ಬಿಡಿಸಿ ಬರೆಯಬೇಕಾಗಿ ಬಂತೆಂದರೆ ಅದರ ಹಿಂದೆ ಎಷ್ಟು ಊರುಗಳ ನೋವಿದೆಯೋ ನೋಡಿ. ಹಾಗಾಗಿ ನಿಮ್ಮ ಡೊಳ್ಳಿನ ಸದ್ದಿಗೆ ಬೆಲೆ ಇದೆ.

ಆದರೆ ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧ ನನ್ನನ್ನು ಹೆಚ್ಚು ಕಾಡಿತು: "ಮರುದಿನದಿಂದ ಮತ್ತ ಮೊದಲಿನಂಗ." ಇದರ ಬಗ್ಗೆ ಬಾಬಾಸಾಹೇಬರೇ ಎಚ್ಚರಿಸಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತಾ, ಧರ್ಮದಲ್ಲಿ ಭಕ್ತಿ ಮುಕ್ತಿಯ ದಾರಿಯಾಗಬಹುದು, ರಾಜಕೀಯದಲ್ಲಿ ವ್ಯಕ್ತಿಪೂಜೆ ಮಾತ್ರ ಅಧೋಗತಿಗೂ ಕೊನೆಗೆ ಸರ್ವಾಧಿಕಾರಕ್ಕೂ ಒಯ್ಯುತ್ತದೆ ಎಂದರು. ಅದೇ ಭಾಷಣದಲ್ಲಿ, 1950ರ ಜನವರಿ 26ರಿಂದ ನಾವು ವೈರುಧ್ಯದ ಬದುಕಿಗೆ ಕಾಲಿಡುತ್ತೇವೆ, ರಾಜಕೀಯದಲ್ಲಿ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಇರುವುದಿಲ್ಲ ಎಂದೂ ಹೇಳಿದರು. ಓಟಿನ ದಿನ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು, ಮರುದಿನ ಹೋಟೆಲಿನಲ್ಲಿ ಬೇರೆ ಗ್ಲಾಸು ಹಿಡಿಯುವ ಊರು ಆ ಮಾತಿಗೆ ಸಾಕ್ಷಿ.

ನಮ್ಮ ಭಾಗಕ್ಕೆ ಆ ಜನವರಿ 26 ಬಂದದ್ದು ಇನ್ನೂ ದೂರದಿಂದ. ರಾಯಚೂರು, ಕೊಪ್ಪಳ ನಿಜಾಮರ ಆಳ್ವಿಕೆಯಿಂದ ಹೊರಬಂದಿದ್ದು 1948ರ ಸೆಪ್ಟೆಂಬರ್ 17ಕ್ಕೆ. ನಿಜಾಮರ ಪ್ರಜೆಗಳಾಗಿದ್ದವರು ಒಂದೂವರೆ ವರ್ಷ ತುಂಬುವುದರೊಳಗೆ ಓಟಿನ ಹಕ್ಕಿರುವ ನಾಗರಿಕರಾದರು. ಅಂಬೇಡ್ಕರರು ಮಿಲಿಂದ್ ಕಾಲೇಜು ತೆರೆದ ಔರಂಗಾಬಾದ್ ಕೂಡ ಆಗ ಹೈದರಾಬಾದ್ ರಾಜ್ಯದ್ದೇ, ಅಂದರೆ ರಾಯಚೂರು ಇದ್ದ ರಾಜ್ಯದ್ದೇ. ದೊಡ್ಡ ಶಹರ ಬಿಟ್ಟು ಓದು ತಲುಪದ ಸೀಮೆಗೆ ಬಂದು ಕಾಲೇಜು ಕಟ್ಟಿದ್ದು ನನಗೆ ಅವರ ಎಷ್ಟೋ ಭಾಷಣಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಅವರು ಬಿಟ್ಟುಹೋದದ್ದನ್ನು ಬಳಕೆಗೆ ತರುವುದೇ ಅವರಿಗೆ ಕೊಡುವ ಗೌರವ ಎಂದು ನಾನು ನಂಬಿದ್ದೇನೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 15ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳನ್ನು ಎಲ್ಲರಿಗೂ ತೆರೆಯಿತು. ಕೆರೆಯ ಮಾತು ಅಲ್ಲಿಗೆ ಸುಮ್ಮನೆ ಬಂದದ್ದಲ್ಲ. ದಲಿತರಿಗೆ ಮುಟ್ಟಗೊಡದಿದ್ದ, ಮಹಾರಾಷ್ಟ್ರದ ಮಹಾಡದ ಚೌದಾರ್ ಕೆರೆಗೆ 1927ರ ಮಾರ್ಚ್ 20ರಂದು ಇಳಿದು ನೀರು ಕುಡಿದವರು ಅವರು. ಆ ವಿಧಿಗಳಿಂದಲೇ, ಅಸ್ಪೃಶ್ಯತೆ ಆಚರಿಸುವವರಿಗೆ ಶಿಕ್ಷೆ ಕೊಡುವ 1955ರ ಕಾಯ್ದೆ ಬಂತು, 1989ರ ದೌರ್ಜನ್ಯ ತಡೆ ಕಾಯ್ದೆಯೂ ಬಂತು. ನಿಮ್ಮೂರ ಕ್ಷೌರದ ಅಂಗಡಿಯಲ್ಲಿ ಹುಡುಗರಿಗೆ ಕಟಿಂಗ್ ಮಾಡುವುದಿಲ್ಲವೆಂದರೆ, ಗುಡಿ ಕಟ್ಟೆ ಹತ್ತಲು ಬಿಡುವುದಿಲ್ಲವೆಂದರೆ, ಜಯಂತಿ ಕಮಿಟಿಗೆ ವರ್ಷಪೂರ್ತಿ ಕೆಲಸವಿದೆ.

ಮೊದಲು ಹಿರಿಯರನ್ನು ಕೂಡಿಸಿ ಮಾತಾಡಿ. ಕೆಲವು ಕಡೆ ಅಷ್ಟಕ್ಕೇ ಬಗೆಹರಿಯುತ್ತದೆ. ಬಗೆಹರಿಯದಿದ್ದರೆ ದೂರು ಕೊಡಬೇಕು, ಮತ್ತು ದೂರು ಬರೆಯುವುದನ್ನು ಕಲಿಯಬೇಕು. "ನಮಗೆ ಅವಮಾನ ಮಾಡಿದರು, ಕ್ರಮ ಕೈಗೊಳ್ಳಿ" ಎಂದು ಬರೆದರೆ ಅದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಹೀಗೆ ಬರೆಯಿರಿ: "ಇಂಥ ತಾರೀಖು, ಮಂಗಳವಾರ ಬೆಳಿಗ್ಗೆ 8ರ ಸುಮಾರಿಗೆ ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ನಾನು ಚಹಾ ಕೇಳಿದೆ. ಉಳಿದವರಿಗೆ ಗಾಜಿನ ಗ್ಲಾಸಿನಲ್ಲಿ ಕೊಟ್ಟರು. ನನಗೆ ಪ್ಲಾಸ್ಟಿಕ್ ಕಪ್ಪಿನಲ್ಲಿ ಕೊಟ್ಟು, ನನ್ನ ಜಾತಿ ಹೆಸರು ಹಿಡಿದು, 'ಹೊರಗ ನಿಂತು ಕುಡಿ' ಅಂದರು. ಆಗ ಅಲ್ಲಿ ಇಂಥಿಂಥವರು ಇದ್ದರು." ಅಂದ ಮಾತನ್ನು ಅಂದ ಹಾಗೇ ಬರೆಯಬೇಕು, ಬೈಗುಳವಾದರೂ ಸರಿ. ನಾಲ್ಕು ಜನ ನೋಡುವ, ಕೇಳುವ ಜಾಗದಲ್ಲಿ ನಡೆಯಿತು ಎಂಬುದು ಸ್ಪಷ್ಟವಿರಲಿ, ಜಾತಿ ನಿಂದನೆಯ ಕಲಮಿಗೆ ಅದು ಬೇಕು. ನಡೆಯದ್ದನ್ನು ಒಂದು ಸಾಲೂ ಸೇರಿಸಬೇಡಿ. ಪಾಟೀ ಸವಾಲಿನಲ್ಲಿ ಆ ಒಂದು ಸಾಲೇ ನಿಮ್ಮ ನಿಜವನ್ನೆಲ್ಲ ಮುಳುಗಿಸುತ್ತದೆ.

ಠಾಣೆಯಲ್ಲಿ "ವಿಚಾರಣೆ ಮಾಡಿ ನೋಡೋಣ" ಎಂದರೆ, 2018ರ ತಿದ್ದುಪಡಿ ಪ್ರಕಾರ ದೌರ್ಜನ್ಯ ತಡೆ ಕಾಯ್ದೆಯಡಿ ಎಫ್‌ಐಆರ್‌ಗೆ ಪ್ರಾಥಮಿಕ ವಿಚಾರಣೆ ಬೇಕಿಲ್ಲ ಎಂದು ಗೌರವದಿಂದಲೇ ಹೇಳಿ. ತೆಗೆದುಕೊಳ್ಳದಿದ್ದರೆ ಎಸ್‌ಪಿ ಅವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ. ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ತನಿಖೆಯನ್ನು ಡಿವೈಎಸ್‌ಪಿ ದರ್ಜೆಯ ಅಧಿಕಾರಿ ಮಾಡಬೇಕು, 60 ದಿನದೊಳಗೆ ಚಾರ್ಜ್‌ಶೀಟ್ ಆಗಬೇಕು. ಬೇಕೆಂದೇ ಕರ್ತವ್ಯ ಬಿಟ್ಟ ಅಧಿಕಾರಿ ದಲಿತ, ಆದಿವಾಸಿ ಸಮುದಾಯಕ್ಕೆ ಸೇರದವನಾದರೆ ಅವನಿಗೂ 6 ತಿಂಗಳಿಂದ 1 ವರ್ಷದವರೆಗೆ ಜೈಲು ಶಿಕ್ಷೆ ಇದೆ. ದೂರು ಕೊಟ್ಟ ಸಿಟ್ಟಿಗೆ ಕೂಲಿ ನಿಲ್ಲಿಸಿದರೆ, ಅಂಗಡಿಯಲ್ಲಿ ಸಾಮಾನು ಕೊಡದಿದ್ದರೆ, ಆ ಬಹಿಷ್ಕಾರವೂ ಬೇರೆಯೇ ಅಪರಾಧ. ಸಹಾಯವಾಣಿ 14566.

ಇದೆಲ್ಲ ಕಾಗದದ ಮೇಲಿನ ಮಾತು ಅನ್ನಿಸಬಹುದು. ಗಂಗಾವತಿ ತಾಲ್ಲೂಕಿನ ಮರಕುಂಬಿ ನೋಡಿ. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಮೇಲೆ ಹಲ್ಲೆಯಾಗಿ, ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಜನರಿಗೆ ಜೀವಾವಧಿ, 3 ಜನರಿಗೆ 5 ವರ್ಷ ಶಿಕ್ಷೆ ವಿಧಿಸಿತು. ಪ್ರಕರಣ ಮುಂದೆ ಹೈಕೋರ್ಟ್ ಮೆಟ್ಟಿಲೇರಿತು. ನನಗೆ ಇಲ್ಲಿ ದೊಡ್ಡದಾಗಿ ಕಾಣುವುದು ಶಿಕ್ಷೆಯ ಲೆಕ್ಕವಲ್ಲ. ಹತ್ತು ವರ್ಷ, ಅದೇ ಊರಲ್ಲಿ ಬದುಕಿಕೊಂಡು, ಕೂಲಿ ಬಿಟ್ಟು ಕೋರ್ಟಿಗೆ ಅಲೆದು, ಕಟಕಟೆಯಲ್ಲಿ ನಿಂತು ಕಂಡದ್ದನ್ನು ಹೇಳಿದ ಸಾಕ್ಷಿಗಳಿದ್ದಾರಲ್ಲ, ಅವರು. ಸಾಕ್ಷಿಗೆ ಬಸ್ ಚಾರ್ಜು, ದಿನದ ಭತ್ಯೆ ಕೊಡಬೇಕೆಂದು ಕಾಯ್ದೆಯ ನಿಯಮದಲ್ಲೇ ಇದೆ. ಅದನ್ನು ಕೇಳಿ ಕೊಡಿಸುವುದು, ಸಾಕ್ಷಿ ಹೇಳುವ ದಿನ ಜೊತೆಗೆ ಹತ್ತು ಜನ ಹೋಗಿ ಕೋರ್ಟಿನ ಆವರಣದಲ್ಲಿ ಕೂರುವುದು, ಇಷ್ಟು ನಿಮ್ಮ ಕಮಿಟಿ ಮಾಡಿದರೆ ಯಾವ ಫ್ಲೆಕ್ಸೂ ಅದಕ್ಕೆ ಸಮನಲ್ಲ. ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ 2021ರಲ್ಲಿ ದಲಿತರ ಪುಟ್ಟ ಮಗು ಗುಡಿಯೊಳಗೆ ಹೋಯಿತೆಂದು ಶುದ್ಧೀಕರಣಕ್ಕೆ ದಂಡ ಕೇಳಿದ್ದರು. ಸುದ್ದಿ ಹೊರಬಿದ್ದ ಮೇಲೆಯೇ ಪೊಲೀಸರು ಐವರನ್ನು ಬಂಧಿಸಿದ್ದು. ಸುಮ್ಮನಿದ್ದಿದ್ದರೆ ಆ ದಂಡ ಊರ ರೂಢಿಯಾಗಿ ಉಳಿಯುತ್ತಿತ್ತು.

ರಾಯಚೂರಿನವರಿಗೆ ಇನ್ನೊಂದನ್ನು ನೆನಪಿಸಲೇಬೇಕು. 2022ರ ಜನವರಿ 26ರಂದು ಜಿಲ್ಲಾ ನ್ಯಾಯಾಲಯದ ಧ್ವಜಾರೋಹಣಕ್ಕೆ ಮುಂಚೆ ಅಂಬೇಡ್ಕರ್ ಭಾವಚಿತ್ರ ತೆಗೆಸಲಾಯಿತು ಎಂಬ ಆರೋಪ ಬಂತು. ರಾಯಚೂರಿನಲ್ಲಿ ಶುರುವಾದ ಪ್ರತಿಭಟನೆ ರಾಜ್ಯಕ್ಕೆಲ್ಲ ಹಬ್ಬಿತು. ಫೆಬ್ರವರಿಯಲ್ಲಿ ಹೈಕೋರ್ಟ್, ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವ ಮತ್ತು ಸಂವಿಧಾನ ದಿನದ ಕಾರ್ಯಕ್ರಮಗಳಲ್ಲಿ ರಾಜ್ಯದ ಎಲ್ಲ ಕೋರ್ಟುಗಳೂ ಅವರ ಭಾವಚಿತ್ರ ಇಡಬೇಕೆಂದು ಸುತ್ತೋಲೆ ಹೊರಡಿಸಿತು. ಬೀದರಿನ ಕೋರ್ಟಿನಲ್ಲೂ ಚಾಮರಾಜನಗರದ ಕೋರ್ಟಿನಲ್ಲೂ ಈಗ ಆ ದಿನ ಚಿತ್ರ ಇರುವುದಕ್ಕೆ ನಿಮ್ಮ ಜಿಲ್ಲೆಯ ಜನ ಬೀದಿಗಿಳಿದದ್ದು ಕಾರಣ.

ವೇದಿಕೆಯ ಬಗ್ಗೆ ಒಂದು ವಿನಂತಿ. ಪಟ್ಟಿ ಕೊಟ್ಟ ಮುಖಂಡರ ಸಾಲು ಬೆಳೆಯುತ್ತಲೇ ಇರುತ್ತದೆ. ಈ ಸಲ ನಡುವಿನ ಕುರ್ಚಿಯಲ್ಲಿ ನಿಮ್ಮ ಕೇರಿಯ ಒಬ್ಬ ಮಾಜಿ ದೇವದಾಸಿ ತಾಯಿಯನ್ನು ಕೂಡಿಸಿ. 1936ರಲ್ಲಿ ಮುಂಬೈನಲ್ಲಿ ಬಾಬಾಸಾಹೇಬರು ದೇವದಾಸಿಯರು, ಜೋಗತಿಯರನ್ನು ಉದ್ದೇಶಿಸಿಯೇ ಮಾತಾಡಿ, ಆ ಬದುಕನ್ನು ಬಿಟ್ಟು ಬನ್ನಿ ಎಂದು ಕರೆದಿದ್ದರು. ದೇವದಾಸಿ ಬಿಡುವುದನ್ನು ನಿಷೇಧಿಸಿ ಕರ್ನಾಟಕ 1982ರಲ್ಲಿ ಕಾಯ್ದೆ ಮಾಡಿತು. ಬಳ್ಳಾರಿ, ಕೊಪ್ಪಳ, ರಾಯಚೂರಿನಲ್ಲಿ ಆ ಕಷ್ಟ ಉಂಡವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಮುತ್ತು ಕಟ್ಟಿಸಿಕೊಂಡ ಅವ್ವ, ತನ್ನ ಮಗಳಿಗೆ ಅದನ್ನು ಹೇಗೆ ತಪ್ಪಿಸಿದೆ ಎಂದು ಮೈಕಿನಲ್ಲಿ ಹೇಳಲು ಒಪ್ಪಿದರೆ, ಹೇಳಲಿ. ಒಪ್ಪದಿದ್ದರೆ ಬಲವಂತ ಬೇಡ, ಆ ಕುರ್ಚಿಯಲ್ಲಿ ಕೂತರೆ ಸಾಕು.

ಓದಿನ ವಿಷಯ. ಬಾಬಾಸಾಹೇಬರ ಬರಹಗಳು ಮತ್ತು ಭಾಷಣಗಳು ಕನ್ನಡದಲ್ಲೂ ಸಂಪುಟಗಳಾಗಿ ಬಂದಿವೆ. ಗ್ರಾಮ ಪಂಚಾಯ್ತಿಯ ಅರಿವು ಕೇಂದ್ರದಲ್ಲಿ (ಗ್ರಂಥಾಲಯದಲ್ಲಿ) ಅವು ಇವೆಯೇ ನೋಡಿ, ಇಲ್ಲದಿದ್ದರೆ ಬರೆದುಕೊಟ್ಟು ತರಿಸಿ. ತಿಂಗಳಿಗೊಮ್ಮೆ ಒಬ್ಬರು ಓದಿ ಉಳಿದವರು ಕೇಳಿದರೂ ಆಯ್ತು.

ಕೊನೆಯದಾಗಿ, ಈ ಪಟ್ಟಿ ದುಡ್ಡಿನಲ್ಲಿ ಸ್ವಲ್ಪ ಉಳಿಸಿಕೊಳ್ಳಿ. ಜಯಂತಿ ಮುಗಿದು ಒಂದೂವರೆ ತಿಂಗಳಿಗೆ ಶಾಲೆ ಶುರು. ಅಪ್ಪ, ಅವ್ವ ಗುಳೆ ಹೋಗಿ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇರುತ್ತಾರೆ, ಮಗು ಅಜ್ಜಿ ಹತ್ತಿರ ಇರುತ್ತದೆ. ಹಾಸ್ಟೆಲ್ ಅರ್ಜಿಗೂ ವಿದ್ಯಾರ್ಥಿವೇತನಕ್ಕೂ ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ನಂಬರ್ ಬೇಕು. ಆಧಾರಿನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ಅಜ್ಜಿಗೆ ಇದು ಬಗೆಹರಿಯದು. ಮೇ ತಿಂಗಳಲ್ಲೇ ಕಮಿಟಿಯ ಇಬ್ಬರು ಕೇರಿಯ ಮಕ್ಕಳ ಪಟ್ಟಿ ಮಾಡಿಕೊಳ್ಳಿ, ಹೆಸರು ತಾಳೆ ನೋಡಿ, ತಿದ್ದಬೇಕಾದದ್ದನ್ನು ತಿದ್ದಿಸಿ, ನಾಡಕಚೇರಿಯಲ್ಲಿ ಅರ್ಜಿ ಹಾಕಿಸಿ. ಹೆಣ್ಣುಮಕ್ಕಳ ಅರ್ಜಿ ಮೊದಲು.