‘ನನ್ನ ಅಂಗಡಿ, ನನ್ನಿಷ್ಟ’ ಎನ್ನಬಹುದೇ?

ಪ್ರಶ್ನೆ: ಬಣ್ಣ, ಧರ್ಮ ನೋಡಿ ಗಿರಾಕಿಯನ್ನು ವಾಪಸ್ ಕಳಿಸುವುದು ತಪ್ಪು ಎಂದು ಅಮೆರಿಕದ ಲಿಬರ್ಟೇರಿಯನ್ನರೂ (ವ್ಯಕ್ತಿ ಸ್ವಾತಂತ್ರ್ಯ, ಸ್ವಂತ ಆಸ್ತಿಯ ಹಕ್ಕು ಮುಖ್ಯ, ಸರ್ಕಾರದ ಕೈ ಆದಷ್ಟು ಕಡಿಮೆ ಇರಲಿ ಎನ್ನುವವರು) ಒಪ್ಪುತ್ತಾರೆ. ಆದರೆ ಖಾಸಗಿ ಅಂಗಡಿ, ಹೋಟೆಲುಗಳಲ್ಲಿ ಅದನ್ನು ತಡೆಯುವ ಕಾನೂನನ್ನು ಅವರಲ್ಲಿ ಹಲವರು ವಿರೋಧಿಸುತ್ತಾರೆ. ಇದು ಹೇಗೆ?

ಉತ್ತರ: ಅವರ ಪಾಲಿಗೆ ಇವು ಎರಡು ಬೇರೆ ಪ್ರಶ್ನೆಗಳು. ಒಂದು ನಡತೆ ಕೆಟ್ಟದ್ದೇ ಎಂಬುದು ಒಂದು. ಅದಕ್ಕಾಗಿ ಸರ್ಕಾರ ದಂಡ ಹಾಕಬಹುದೇ ಎಂಬುದು ಇನ್ನೊಂದು. ಮನೆಗೆ ಯಾರನ್ನು ಊಟಕ್ಕೆ ಕರೆಯಬೇಕೆಂದು ಸರ್ಕಾರ ಹೇಳುವುದಿಲ್ಲ. ಅಂಗಡಿಯೂ ಒಬ್ಬರ ಸ್ವಂತ ಆಸ್ತಿ, ವ್ಯಾಪಾರ ಇಬ್ಬರು ಒಪ್ಪಿ ನಡೆಸುವುದು. ಹೊಡೆಯದೆ, ಮೋಸ ಮಾಡದೆ ‘ಒಲ್ಲೆ’ ಎಂದಷ್ಟೇ ಹೇಳಿದವರ ಮೇಲೆ ಬಲ ಪ್ರಯೋಗಿಸಬಾರದು ಎನ್ನುತ್ತಾರೆ.

ಇತಿಹಾಸದಿಂದಲೂ ಅವರಿಗೆ ಬಲವಾದ ಸಾಕ್ಷಿ ಸಿಗುತ್ತದೆ. 1890ರಲ್ಲಿ ಲೂಯಿಸಿಯಾನ ರಾಜ್ಯ ಕರಿಯರಿಗೂ ಬಿಳಿಯರಿಗೂ ಬೇರೆ ಬೇರೆ ರೈಲು ಬೋಗಿ ಇರಲೇಬೇಕೆಂದು ಕಾನೂನು ಮಾಡಿತು. ಹೆಚ್ಚುವರಿ ಬೋಗಿಯ ಖರ್ಚು ರೈಲು ಕಂಪನಿಗಳಿಗೆ ಬೇಡವಾಗಿತ್ತು. ಆದರೂ ಆ ಕಾನೂನನ್ನು ಪ್ರಶ್ನಿಸಿದ ಪ್ಲೆಸ್ಸಿ ಎಂಬವರ ಪ್ರಕರಣದ 1896ರ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು. ತಾರತಮ್ಯವನ್ನು ಹೇರಿದ್ದೇ ಸರ್ಕಾರ, ಲಾಭ ನೋಡುವ ವ್ಯಾಪಾರಿ ಯಾರ ದುಡ್ಡನ್ನೂ ಬೇಡವೆನ್ನುವುದಿಲ್ಲ ಎಂಬ ಅವರ ಮಾತಿಗೆ ಇದೇ ಆಧಾರ. 1957 ಮತ್ತು 1960ರ ನಾಗರಿಕ ಹಕ್ಕು ಮಸೂದೆಗಳಿಗೆ ಮತ ಹಾಕಿದ್ದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್, 1964ರ ಮಸೂದೆಯನ್ನು ವಿರೋಧಿಸಿದರು. ಅದು ಖಾಸಗಿ ಹೋಟೆಲು, ಉದ್ಯೋಗಗಳಿಗೆ ಕೈ ಹಾಕಿತ್ತು ಎಂಬುದೇ ಅವರ ಮುಖ್ಯ ಆಕ್ಷೇಪ.

ಎಲ್ಲರೂ ಒಂದೇ ಕಡೆ ಇದ್ದಾರೆ ಎಂದುಕೊಳ್ಳಬೇಡಿ. ಪೈಪೋಟಿ ಇರುವಲ್ಲಿ ಕಾನೂನು ಬೇಡ, ಆದರೆ ಬೇರೆ ದಾರಿಯೇ ಇಲ್ಲದ ಏಕಸ್ವಾಮ್ಯದಲ್ಲಿ ಅದು ಬೇಕು ಎಂದು ಕಾನೂನು ಪ್ರಾಧ್ಯಾಪಕ ರಿಚರ್ಡ್ ಎಪ್‌ಸ್ಟೈನ್ 1992ರಲ್ಲಿ ವಾದಿಸಿದರು.

ನನಗೆ ಒಪ್ಪಿಗೆಯಾಗುವ ಭಾಗವೊಂದಿದೆ. 2023ರಲ್ಲಿ ವೆಬ್‌ಸೈಟ್ ವಿನ್ಯಾಸಗಾರ್ತಿಯೊಬ್ಬರ ಪ್ರಕರಣದಲ್ಲಿ, ತಾನು ನಂಬದ ಮಾತನ್ನು ಬರೆದುಕೊಡುವಂತೆ ಕಾನೂನು ಒತ್ತಾಯಿಸಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಬರಹಕ್ಕೂ ಅನ್ನಕ್ಕೂ ವ್ಯತ್ಯಾಸವಿದೆ.

ಅನ್ನದ ವಿಷಯಕ್ಕೆ ಬಂದರೆ ನನಗೆ ಅವರ ವಾದ ನಿಲ್ಲುವಂತೆ ಕಾಣುವುದಿಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲೀಸ್ ಬಾರ್ಬೆಕ್ಯೂ ಎಂಬ ಹೋಟೆಲಿತ್ತು. ಕೆಲಸದವರು 36 ಮಂದಿ, ಮೂರರಲ್ಲಿ ಎರಡು ಪಾಲು ಕರಿಯರು. ಅವರ ಬಣ್ಣದ ಗಿರಾಕಿ ಮಾತ್ರ ಒಳಗೆ ಕೂತು ಉಣ್ಣುವಂತಿರಲಿಲ್ಲ, ಪಾರ್ಸಲ್ ಕಟ್ಟಿಸಿಕೊಂಡು ಹೋಗಬೇಕು. ಅನ್ನ ಮುಟ್ಟಿದ ಕೈಯ ಬಗ್ಗೆ ಯಾರಿಗೂ ತಕರಾರಿಲ್ಲ, ಸಮಾನವಾಗಿ ಕೂರುವುದರ ಬಗ್ಗೆಯೇ ತಕರಾರು. ಗೋಲ್ಡ್‌ವಾಟರ್ ವಿರೋಧಿಸಿದ್ದ ಮಸೂದೆ ಕಾನೂನಾದ ಮೇಲೆ, 1964ರ ಡಿಸೆಂಬರ್ 14ರಂದು ಸುಪ್ರೀಂ ಕೋರ್ಟ್ ಅದನ್ನು ನಿಲ್ಲಿಸಿತು. ಅಲ್ಲಿವರೆಗೆ ಮಾರುಕಟ್ಟೆ ಸರಿಪಡಿಸಿರಲಿಲ್ಲ. ಕರಿಯ ಪ್ರಯಾಣಿಕರು ಯಾವ ಊರಿನಲ್ಲಿ ಯಾರು ಕೊಠಡಿ ಕೊಡುತ್ತಾರೆಂದು ತಿಳಿಯಲು 1936ರಿಂದಲೂ ‘ಗ್ರೀನ್ ಬುಕ್’ ಎಂಬ ಕೈಪಿಡಿ ಹಿಡಿದು ಓಡಾಡಬೇಕಾಗಿತ್ತು.

ಯಾಕೆ ಸರಿಪಡಿಸಲಿಲ್ಲ ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ದಲಿತರಿಗೆ ಕ್ಷೌರ ನಿರಾಕರಿಸಿದ ಸುದ್ದಿ ಕರ್ನಾಟಕದ ಹಳ್ಳಿಗಳಿಂದ ಈಗಲೂ ಬರುತ್ತದೆ. ಊರಿಗೊಂದೇ ಅಂಗಡಿ ಇದ್ದರೆ ದಲಿತ ಹುಡುಗ ಕೂದಲು ಕತ್ತರಿಸಿಕೊಳ್ಳಲು ಪಟ್ಟಣದ ಬಸ್ಸು ಹತ್ತಬೇಕು. ಅಂಗಡಿಯವನಿಗೆ ಅವನ ಮೇಲೆ ದ್ವೇಷವೇ ಇರಬೇಕೆಂದಿಲ್ಲ. ಅವನನ್ನು ಕುರ್ಚಿಯಲ್ಲಿ ಕೂರಿಸಿದರೆ ಉಳಿದವರು ಬರುವುದಿಲ್ಲ ಎಂಬ ಹೆದರಿಕೆ ಸಾಕು. ಇಂಥ ಕಡೆ ತಾರತಮ್ಯ ಮಾಡದವನಿಗೇ ನಷ್ಟ. ಸಂವಿಧಾನದ 15(2)ನೇ ವಿಧಿ 1950ರಲ್ಲೇ ಅಂಗಡಿ, ಹೋಟೆಲು, ಬಾವಿ ಎಂದು ಹೆಸರಿಸಿ ಬಾಗಿಲು ತೆರೆಸಿತು. ಅಸ್ಪೃಶ್ಯತೆಯ ಕಾರಣಕ್ಕೆ ಒಳಗೆ ಬಿಡದವರಿಗೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಶಿಕ್ಷೆ ವಿಧಿಸುತ್ತದೆ. ಗದರಿಸಲು ಬಂದ ಊರ ಹಿರಿಯರಿಗೆ ಅಂಗಡಿಯವನು ಈಗ ‘ಏನ್ ಮಾಡ್ಲಿ ಗೌಡ್ರೇ, ಕಾನೂನೈತೆ, ಜೈಲಿಗೆ ಹಾಕ್ತಾರೆ’ ಎನ್ನಬಹುದು.