ಫೈಲ್ ಕಾರ್ಡಿನಲ್ಲಿದೆ, ಆಟ ಪಟ್ಟಿಯಲ್ಲಿಲ್ಲ: ಮಿಯೂ ಮಿನಿ ಪ್ಲಸ್‌ಗೆ ಹಳೆಯ ಆಟಗಳನ್ನು ಹಾಕಿಕೊಳ್ಳುವುದು ಹೇಗೆ?

ಪ್ರಶ್ನೆ: ಹಳೆಯ ವಿಡಿಯೊ ಗೇಮ್‌ಗಳನ್ನು ಆಡಲೆಂದು ಮಿಯೂ ಮಿನಿ ಪ್ಲಸ್ ಎಂಬ ಪುಟ್ಟ ಯಂತ್ರವನ್ನು ತರಿಸಿಕೊಂಡಿದ್ದೇನೆ. ಅದರ ಮೆಮೊರಿ ಕಾರ್ಡನ್ನು ತೆಗೆದು ಲ್ಯಾಪ್‌ಟಾಪಿಗೆ ಹಾಕಿ ಕೆಲವು ಆಟಗಳ ಫೈಲುಗಳನ್ನು ನಕಲು ಮಾಡಿದೆ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ಫೈಲುಗಳು ಇವೆ. ಯಂತ್ರದಲ್ಲಿ ನೋಡಿದರೆ ಆಟಗಳ ಸುಳಿವೇ ಇಲ್ಲ. ಸರಿಯಾದ ಕ್ರಮ ಯಾವುದು?

ಉತ್ತರ: ಮೊಬೈಲಿಗೆ ಆಟವನ್ನು ಇನ್‌ಸ್ಟಾಲ್ ಮಾಡುವಂತೆ ಇಲ್ಲಿ ಏನೂ ಇನ್‌ಸ್ಟಾಲ್ ಆಗುವುದಿಲ್ಲ. ಆಟವೆಂದರೆ ಒಂದು ಫೈಲ್, ಅಷ್ಟೇ. ಹಿಂದೆ ಯಂತ್ರಕ್ಕೆ ಸಿಕ್ಕಿಸುತ್ತಿದ್ದ ಕಾರ್ಟ್ರಿಜ್‌ನ ಚಿಪ್ಪಿನಲ್ಲಿ ಇದ್ದದ್ದನ್ನೆಲ್ಲ ಯಥಾವತ್ತಾಗಿ ಓದಿ ಬರೆದಿಟ್ಟ ಫೈಲ್ ಅದು. ಅದನ್ನು ಓಡಿಸುವುದು ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಎಂಬ ತಂತ್ರಾಂಶ. ಗೇಮ್ ಬಾಯ್‌ಗೆ ಒಂದು ಎಮ್ಯುಲೇಟರ್, ಮೆಗಾ ಡ್ರೈವ್‌ಗೆ ಇನ್ನೊಂದು, ಪ್ಲೇಸ್ಟೇಷನ್‌ಗೆ ಮತ್ತೊಂದು. ಯಾವ ಫೈಲನ್ನು ಯಾವ ಎಮ್ಯುಲೇಟರಿಗೆ ಕೊಡಬೇಕು ಎಂಬುದನ್ನು ಯಂತ್ರ ತೀರ್ಮಾನಿಸುವುದು ಫೈಲ್ ಯಾವ ಫೋಲ್ಡರಿನಲ್ಲಿದೆ ಎಂಬುದರ ಮೇಲೆ. ಆದ್ದರಿಂದ ‘ಆಟ ಕಾಣುತ್ತಿಲ್ಲ’ ಎಂಬ ದೂರುಗಳಲ್ಲಿ ಹೆಚ್ಚಿನವು ಫೋಲ್ಡರಿನ ಬಾಗಿಲಲ್ಲೇ ಬಗೆಹರಿಯುತ್ತವೆ.

ಮುಂದೆ ಹೇಳುವುದು ಓನಿಯನ್ ಎಂಬ ಉಚಿತ ವ್ಯವಸ್ಥೆಯನ್ನು, ಅಂದರೆ ಯಂತ್ರವನ್ನು ನಡೆಸುವ ತಂತ್ರಾಂಶವನ್ನು, ಹಾಕಿಕೊಂಡವರಿಗೆ. ಮಿಯೂ ಕೊಂಡವರಲ್ಲಿ ಬಹಳ ಮಂದಿ ಮಾಡುವ ಮೊದಲ ಕೆಲಸವೇ ಅದು. ನಿಮ್ಮ ಯಂತ್ರ ಇನ್ನೂ ಕಾರ್ಖಾನೆಯಿಂದ ಬಂದ ಹಾಗೆಯೇ ಇದ್ದರೆ ನೀವೂ ಬದಲಾಯಿಸಿಕೊಳ್ಳಿ ಎನ್ನುತ್ತೇನೆ.

ಕಾರ್ಡನ್ನು ತೆರೆದರೆ ‘ರೋಮ್ಸ್’ ಎಂಬ ಫೋಲ್ಡರ್ ಇರುತ್ತದೆ. ಅದರೊಳಗೆ ಒಂದೊಂದು ಹಳೆಯ ಯಂತ್ರಕ್ಕೂ ಒಂದೊಂದು ಫೋಲ್ಡರ್: ಗೇಮ್ ಬಾಯ್‌ಗೆ ಜಿಬಿ, ಗೇಮ್ ಬಾಯ್ ಕಲರ್‌ಗೆ ಜಿಬಿಸಿ, ಗೇಮ್ ಬಾಯ್ ಅಡ್ವಾನ್ಸ್‌ಗೆ ಜಿಬಿಎ, ಮೆಗಾ ಡ್ರೈವ್‌ಗೆ ಎಂಡಿ, ಪ್ಲೇಸ್ಟೇಷನ್‌ಗೆ ಪಿಎಸ್. ಎಡವುವುದು ಸಾಮಾನ್ಯವಾಗಿ ನಿಂಟೆಂಡೊದ ಮನೆಯಾಟದ ಯಂತ್ರಗಳ ಹತ್ತಿರ. ಎನ್‌ಇಎಸ್ ಎಂದು ಹುಡುಕಿದರೆ ಸಿಗುವುದಿಲ್ಲ. ಅದರ ಫೋಲ್ಡರಿನ ಹೆಸರು ಎಫ್‌ಸಿ. 1983ರಲ್ಲಿ ಜಪಾನಿನಲ್ಲಿ ಫ್ಯಾಮಿಲಿ ಕಂಪ್ಯೂಟರ್ (ಚಿಕ್ಕದಾಗಿ ಫ್ಯಾಮಿಕಾಮ್) ಎಂಬ ಹೆಸರಿನಿಂದ ಬಂದದ್ದೇ ಹೊರದೇಶಗಳಲ್ಲಿ ಎನ್‌ಇಎಸ್ ಆಯಿತು, ಫೋಲ್ಡರಿಗೆ ಜಪಾನಿನ ಹೆಸರು ಉಳಿದಿದೆ. ಹಾಗೆಯೇ ಸೂಪರ್ ನಿಂಟೆಂಡೊದ ಫೋಲ್ಡರ್ ಎಸ್‌ಎಫ್‌ಸಿ. ತೊಂಬತ್ತರ ದಶಕದಲ್ಲಿ ನಮ್ಮೂರುಗಳಲ್ಲಿ ಟಿವಿಗೆ ಜೋಡಿಸಿ ಮಾರಿಯೊ, ಕಾಂಟ್ರಾ ಆಡಿದವರು ಹುಡುಕಬೇಕಾದದ್ದೂ ಎಫ್‌ಸಿಯನ್ನೇ. ಆಗ ಇಲ್ಲಿ ಮಾರಾಟವಾಗುತ್ತಿದ್ದ ‘ವಿಡಿಯೊ ಗೇಮ್’ಗಳಲ್ಲಿ ಬಹುಪಾಲು ಫ್ಯಾಮಿಕಾಮ್‌ನ ನಕಲುಗಳು. ‘9999 ಆಟಗಳು’ ಎಂದು ಬರೆದ ಕಾರ್ಟ್ರಿಜ್‌ಗಳಲ್ಲಿ ಬೆರಳೆಣಿಕೆಯ ಆಟಗಳೇ ಹೆಸರು ಬದಲಿಸಿಕೊಂಡು ಸುತ್ತಿ ಸುತ್ತಿ ಬರುತ್ತಿದ್ದವು. ಈಗ ಆನ್‌ಲೈನಿನಲ್ಲಿ ಹತ್ತು ಸಾವಿರ ಆಟ ತುಂಬಿದ ಕಾರ್ಡು ಎಂದು ಮಾರುವವರು ಆ ಪರಂಪರೆಯನ್ನು ಚೆನ್ನಾಗಿಯೇ ಮುಂದುವರಿಸಿದ್ದಾರೆ.

ಫೈಲ್ ಸರಿಯಾದ ಫೋಲ್ಡರಿನಲ್ಲಿದ್ದೂ ಆಟ ಕಾಣದಿದ್ದರೆ ಎರಡು ವಿಷಯ ನೋಡಿ. ಓನಿಯನ್‌ನಲ್ಲಿ ಪ್ಯಾಕೇಜ್ ಮ್ಯಾನೇಜರ್ ಎಂಬುದಿದೆ. ಅದರಲ್ಲಿ ಆಯಾ ಹಳೆಯ ಯಂತ್ರವನ್ನು ಆರಿಸಿಕೊಂಡಿರದಿದ್ದರೆ ಫೋಲ್ಡರಿನಲ್ಲಿ ನೂರು ಆಟವಿದ್ದರೂ ಆ ಯಂತ್ರದ ಹೆಸರೇ ಮೆನುವಿನಲ್ಲಿ ಬರುವುದಿಲ್ಲ. ಎರಡನೆಯದು, ಪ್ರತಿ ಸಲವೂ ಕಾರ್ಡನ್ನು ಜಾಲಾಡುವುದು ತಡವಾಗುತ್ತದೆಂದು ಯಂತ್ರ ಆಟಗಳ ಪಟ್ಟಿಯನ್ನು ಒಮ್ಮೆ ಬರೆದಿಟ್ಟುಕೊಂಡು ಅದನ್ನೇ ತೋರಿಸುತ್ತಿರುತ್ತದೆ. ನೀವು ಹೊಸದಾಗಿ ಹಾಕಿದ ಆಟ ಆ ಹಳೆಯ ಪಟ್ಟಿಯಲ್ಲಿ ಇರುವುದಾದರೂ ಹೇಗೆ? ಪಟ್ಟಿಯ ಆಯ್ಕೆಗಳಲ್ಲಿ ‘ರಿಫ್ರೆಶ್ ರೋಮ್ಸ್’ ಎಂಬುದನ್ನು ಒತ್ತಿದರೆ ಹೊಸ ಪಟ್ಟಿ ತಯಾರಾಗುತ್ತದೆ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ತೊಂದರೆ ಈ ಎರಡರಲ್ಲಿ ಒಂದು ಎಂದೇ ನನ್ನ ಊಹೆ.

ಗೇಮ್ ಬಾಯ್, ಎಫ್‌ಸಿ ಮೊದಲಾದ ಕಾರ್ಟ್ರಿಜ್ ಆಟಗಳು ಜಿಪ್ ರೂಪದಲ್ಲಿದ್ದರೂ ನಡೆಯುತ್ತವೆ, ಬಿಚ್ಚಿಟ್ಟರೂ ನಡೆಯುತ್ತವೆ. ರಾರ್ ಫೈಲಾದರೆ ಬಿಚ್ಚಲೇಬೇಕು. ಮ್ಯಾಕ್ ಬಳಸುವವರಿಗೆ ಬೇರೊಂದು ಕಿರಿಕಿರಿ ಇದೆ: ನಕಲು ಮಾಡಿದ ಪ್ರತಿ ಫೈಲಿನ ಜೊತೆ ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಒಂದು ನೆರಳು ಫೈಲನ್ನು ಮ್ಯಾಕ್ ತಾನಾಗಿಯೇ ಸೃಷ್ಟಿಸುತ್ತದೆ. ಒಂದೇ ಆಟ ಎರಡೆರಡು ಸಲ ಕಂಡು, ಒಂದು ಮಾತ್ರ ತೆರೆದುಕೊಂಡರೆ ಇನ್ನೊಂದು ಈ ನೆರಳು ಎಂದು ತಿಳಿಯಿರಿ. ಅಳಿಸಿದರೆ ನಷ್ಟವಿಲ್ಲ.

ನಿಜವಾದ ತಲೆನೋವು ಪ್ಲೇಸ್ಟೇಷನ್ ಆಟಗಳದ್ದು. ಗೇಮ್ ಬಾಯ್‌ನ ಟೆಟ್ರಿಸ್ ಕೇವಲ 32 ಕೆಬಿ. ಗೇಮ್ ಬಾಯ್ ಅಡ್ವಾನ್ಸ್‌ನ ದೊಡ್ಡ ಆಟಗಳೂ 32 ಎಂಬಿ. ಪ್ಲೇಸ್ಟೇಷನ್ನಿನದು ಇಡೀ ಸಿ.ಡಿ., ಆರುನೂರು ಎಂಬಿಯನ್ನೂ ಮೀರಬಹುದು. ಗಾತ್ರಕ್ಕಿಂತ ಅದರ ರಚನೆ ಹೆಚ್ಚು ಕಾಡುತ್ತದೆ. ಸಿ.ಡಿ.ಯನ್ನು ಓದಿ ಉಳಿಸಿದಾಗ ಸಾಮಾನ್ಯವಾಗಿ ಬಿನ್ ಮತ್ತು ಕ್ಯೂ ಎಂಬ ಎರಡು ಬಗೆಯ ಫೈಲುಗಳು ಸಿಗುತ್ತವೆ. ಬಿನ್‌ನಲ್ಲಿ ಆಟದ ಮಾಹಿತಿ ಇರುತ್ತದೆ. ಸಂಗೀತವನ್ನು ಆಡಿಯೊ ಸಿ.ಡಿ.ಯಂತೆ ಬೇರೆ ಟ್ರ್ಯಾಕ್‌ಗಳಲ್ಲಿ ಇಟ್ಟಿದ್ದ ಆಟಗಳಿಗೆ ಒಂದಲ್ಲ, ಹತ್ತಾರು ಬಿನ್ ಫೈಲುಗಳಿರಬಹುದು. ಕ್ಯೂ ಎಂಬುದು ಕೆಲವೇ ಸಾಲುಗಳ ಪಠ್ಯ. ಯಾವ ಟ್ರ್ಯಾಕ್ ಯಾವ ಬಿನ್‌ನಲ್ಲಿದೆ, ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ಅದು ಹೆಸರು ಹಿಡಿದು ಹೇಳುತ್ತದೆ. ಬಿನ್ ಫೈಲಿನ ಉದ್ದ ಹೆಸರು ಚೆನ್ನಾಗಿಲ್ಲವೆಂದು ನೀವು ಚಿಕ್ಕದು ಮಾಡಿದಿರೋ, ಕ್ಯೂ ಹಳೆಯ ಹೆಸರನ್ನೇ ಹುಡುಕುತ್ತದೆ, ಸಿಗುವುದಿಲ್ಲ, ಆಟ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಹೆಸರು ಬದಲಿಸಲೇಬೇಕೆಂದರೆ ಕ್ಯೂ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಅಲ್ಲಿಯೂ ಬದಲಿಸಬೇಕು.

ಈ ರಗಳೆಯೇ ಬೇಡವೆಂದರೆ ಎಲ್ಲವನ್ನೂ ಸಿಎಚ್‌ಡಿ ರೂಪಕ್ಕೆ ತಂದುಬಿಡಿ. ಮೇಮ್ ಎಂಬ ಎಮ್ಯುಲೇಟರಿನ ಜೊತೆ ಬರುವ ಸಿಎಚ್‌ಡಿಮ್ಯಾನ್ ಎಂಬ ಸಣ್ಣ ಸಾಧನ ಎಲ್ಲ ಟ್ರ್ಯಾಕ್‌ಗಳನ್ನೂ ಒಂದೇ ಫೈಲಾಗಿ ಕುಗ್ಗಿಸಿ ಕೊಡುತ್ತದೆ. ಮಾಹಿತಿ ಏನೂ ಕಳೆದುಹೋಗುವುದಿಲ್ಲ, ಕಾರ್ಡಿನಲ್ಲಿ ಜಾಗವೂ ಉಳಿಯುತ್ತದೆ, ಹೆಸರು ಏನಿಟ್ಟರೂ ನಡೆಯುತ್ತದೆ. ಫೈನಲ್ ಫ್ಯಾಂಟಸಿ 7ರಂತೆ ಮೂರು ಸಿ.ಡಿ.ಗಳಲ್ಲಿ ಬಂದ ಆಟವಾದರೆ ಎಂ3ಯು ಎಂಬ ಇನ್ನೊಂದು ಪಠ್ಯ ಫೈಲ್ ಬೇಕು. ಮೂರು ಸಿ.ಡಿ. ಫೈಲುಗಳ ಹೆಸರನ್ನು ಸಾಲಿಗೊಂದರಂತೆ ಅದರಲ್ಲಿ ಬರೆದಿಟ್ಟರೆ ಆಟದ ನಡುವೆ ಸಿ.ಡಿ. ಬದಲಿಸಲು ಬರುತ್ತದೆ. ಇಲ್ಲಿ ವಿಂಡೋಸ್ ಒಂದು ಕುಚೋದ್ಯ ಮಾಡುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸಿದ ಫೈಲಿನ ಕೊನೆಗೆ ಟಿಎಕ್ಸ್‌ಟಿ ಎಂದು ತಾನೇ ಸೇರಿಸಿ, ಅದನ್ನು ನಿಮ್ಮ ಕಣ್ಣಿಗೆ ಬೀಳದಂತೆ ಅಡಗಿಸುತ್ತದೆ. ಫೈಲುಗಳ ಬಾಲವನ್ನು ತೋರಿಸುವಂತೆ ವಿಂಡೋಸ್‌ನ ಆಯ್ಕೆಗಳಲ್ಲಿ ಮೊದಲೇ ಬದಲಿಸಿಕೊಂಡು ಕೂರುವುದು ಒಳ್ಳೆಯದು.

ಪ್ಲೇಸ್ಟೇಷನ್ನಿಗೆ ಬಯಾಸ್ ಎಂಬ ಫೈಲೂ ಬೇಕಾಗುತ್ತದೆ. ಅದು ಮೂಲ ಯಂತ್ರದೊಳಗಿನ ಚಿಪ್‌ನಲ್ಲಿದ್ದ ತಂತ್ರಾಂಶ, ಸರಿಯಾಗಿ 512 ಕೆಬಿ. ಅದಿಲ್ಲದೆಯೂ ಎಮ್ಯುಲೇಟರ್ ಹೇಗೋ ಸಂಭಾಳಿಸುತ್ತದೆ, ಆದರೆ ಎಲ್ಲ ಆಟಗಳಲ್ಲೂ ಅಲ್ಲ. ಬಯಾಸ್ ಫೋಲ್ಡರಿನಲ್ಲಿ ಅದರ ಹೆಸರು ಎಮ್ಯುಲೇಟರ್ ನಿರೀಕ್ಷಿಸುವಂತೆಯೇ, ಸಣ್ಣಕ್ಷರ ದೊಡ್ಡಕ್ಷರದ ವ್ಯತ್ಯಾಸವೂ ಇಲ್ಲದಂತೆ ಇರಲಿ. ಆರ್ಕೇಡ್ ಆಟಗಳ (ನಾಣ್ಯ ಹಾಕಿ ಆಡುತ್ತಿದ್ದ ದೊಡ್ಡ ಯಂತ್ರಗಳವು) ನಿಯಮವಂತೂ ಪೂರಾ ತಿರುಗುಮುರುಗು: ಜಿಪ್ ಬಿಚ್ಚಲೂ ಬಾರದು, ಹೆಸರು ಬದಲಿಸಲೂ ಬಾರದು, ಎಮ್ಯುಲೇಟರಿನ ಆವೃತ್ತಿಗೂ ಆ ಜಿಪ್‌ನ ಆವೃತ್ತಿಗೂ ಹೊಂದಾಣಿಕೆ ಇರಬೇಕು. ಹೊಸಬರು ಅತ್ತ ಕಡೆ ತಲೆ ಹಾಕದೆ ಇರುವುದೇ ಮೇಲು.

ಇನ್ನು ಕಾರ್ಡಿನ ಮಾತು. ಇಂಥ ಯಂತ್ರಗಳ ಜೊತೆ ಬರುವ ಕಾರ್ಡುಗಳು ಹೆಸರಿಲ್ಲದ ಅಗ್ಗದ ಮಾಲು, ಯಾವ ದಿನ ಕೈಕೊಡುತ್ತವೋ ಹೇಳಲಾಗದು. ಮಿಯೂ ಮಿನಿ ಪ್ಲಸ್‌ನಲ್ಲಿ ವ್ಯವಸ್ಥೆ, ಆಟಗಳು, ನೀವು ಅರ್ಧ ಆಡಿ ಉಳಿಸಿದ್ದು ಎಲ್ಲವೂ ಇರುವುದು ಆ ಒಂದೇ ಕಾರ್ಡಿನಲ್ಲಿ. ಆದ್ದರಿಂದ ಜೊತೆಗೆ ಬಂದ ಕಾರ್ಡಿನಲ್ಲಿರುವುದನ್ನು ಲ್ಯಾಪ್‌ಟಾಪಿಗೆ ನಕಲು ಮಾಡಿಟ್ಟು, ಅದನ್ನು ಪಕ್ಕಕ್ಕಿಟ್ಟು, ಒಳ್ಳೆಯ ಕಂಪನಿಯ 64 ಅಥವಾ 128 ಜಿಬಿ ಕಾರ್ಡನ್ನು ಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಬಳಸುವ ಮೊದಲು ಪರೀಕ್ಷಿಸಿ. ನಕಲಿ ಕಾರ್ಡುಗಳು ತಾವು 128 ಜಿಬಿ ಎಂದು ಕಂಪ್ಯೂಟರಿಗೂ ಸುಳ್ಳು ಹೇಳುತ್ತವೆ. ಒಳಗಿರುವ ನಿಜವಾದ ಜಾಗ ಮುಗಿದ ಮೇಲೆ ಬರೆದದ್ದೆಲ್ಲ ಗಾಳಿಗೆ ಹೋಗುತ್ತದೆ. ವಿಂಡೋಸ್‌ನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯು, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಎಫ್‌3 ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿಸಿ, ಮರಳಿ ಓದಿ, ಸುಳ್ಳನ್ನು ಹಿಡಿಯುತ್ತವೆ.

ಕಾರ್ಡು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. 32 ಜಿಬಿಗಿಂತ ದೊಡ್ಡ ಕಾರ್ಡುಗಳು ಅಂಗಡಿಯಿಂದ ಬರುವುದು ಎಕ್ಸ್‌ಫ್ಯಾಟ್ ಮಾದರಿಯಲ್ಲಿ, ಮತ್ತು ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಕಿಟಕಿಯಲ್ಲಿ ಅಷ್ಟು ದೊಡ್ಡ ಕಾರ್ಡಿಗೆ ಫ್ಯಾಟ್32 ಎಂಬ ಆಯ್ಕೆ ಬಹುಕಾಲ ಇರಲೇ ಇಲ್ಲ. ರೂಫಸ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಕೆಲಸವಾಗುತ್ತದೆ. ಬಳಿಕ ಓನಿಯನ್‌ನ ಜಿಪ್ಪನ್ನು ಬಿಚ್ಚಿ, ಅಡಗಿರುವ ಫೋಲ್ಡರನ್ನೂ ಬಿಡದೆ, ಎಲ್ಲವನ್ನೂ ಕಾರ್ಡಿನ ಮೊದಲ ಹಂತದಲ್ಲೇ ಹಾಕಬೇಕು. ಒಳಗೆ ಇನ್ನೊಂದು ಫೋಲ್ಡರ್ ಮಾಡಿ ಅದರಲ್ಲಿ ಹಾಕಿದರೆ ಯಂತ್ರಕ್ಕೆ ಅದು ಕಾಣಿಸುವುದಿಲ್ಲ.

ನಿಮ್ಮದು ಮಿಯೂ ಅಲ್ಲದೆ ಆನ್‌ಬರ್ನಿಕ್ ಕಂಪನಿಯ ಆರ್‌ಜಿ35ಎಕ್ಸ್‌ಎಕ್ಸ್ ಆಗಿದ್ದರೆ ಒಂದು ಎಚ್ಚರಿಕೆ. ಅದರಲ್ಲಿ ಕಾರ್ಡಿನ ಕಿಂಡಿಗಳು ಎರಡು: ವ್ಯವಸ್ಥೆಗೆ ಒಂದು, ಆಟಗಳಿಗೆ ಇನ್ನೊಂದು. ವ್ಯವಸ್ಥೆಯ ಕಾರ್ಡನ್ನು ವಿಂಡೋಸ್‌ಗೆ ಹಾಕಿದರೆ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು’ ಎಂಬ ಕಿಟಕಿಗಳು ಒಂದರ ಮೇಲೊಂದು ತೆರೆದುಕೊಳ್ಳಬಹುದು. ಕಾರ್ಡು ಕೆಟ್ಟಿಲ್ಲ, ಅದರ ಕೆಲವು ಭಾಗಗಳು ಲಿನಕ್ಸ್‌ನವು, ವಿಂಡೋಸ್‌ಗೆ ಓದಲು ಬರುವುದಿಲ್ಲ. ಎಲ್ಲ ಕಿಟಕಿಗಳನ್ನೂ ರದ್ದು ಮಾಡಿ. ಅಭ್ಯಾಸಬಲದಿಂದ ಒಮ್ಮೆ ‘ಸರಿ’ ಒತ್ತಿದರೂ ಯಂತ್ರ ಏಳುವುದಿಲ್ಲ.

ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಈ ಫೈಲುಗಳು ಬರುವುದು ಎಲ್ಲಿಂದ? ಆಟ ಹಳೆಯದಾದ ಮಾತ್ರಕ್ಕೆ ಅದಕ್ಕೆ ವಾರಸುದಾರರಿಲ್ಲ ಎಂದಾಗುವುದಿಲ್ಲ. 2018ರಲ್ಲಿ ನಿಂಟೆಂಡೊ ಇಂಥ ಫೈಲುಗಳನ್ನು ಹಂಚುತ್ತಿದ್ದ ಲವ್‌ರೋಮ್ಸ್ ಎಂಬ ಜಾಲತಾಣದ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು, ತಾಣದವರು ಅದನ್ನು ಮುಚ್ಚಿ, ಬಳಿಕ 1.2 ಕೋಟಿ ಡಾಲರಿಗೂ ಹೆಚ್ಚಿನ ತೀರ್ಪಿಗೆ ಒಪ್ಪಿದರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಕಂಪ್ಯೂಟರ್ ತಂತ್ರಾಂಶದ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು ಅದು ಹಾಳಾದೀತೆಂಬ ಕಾರಣಕ್ಕೆ ಕಾಪು ಪ್ರತಿ (ಬ್ಯಾಕಪ್) ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ನಿಮ್ಮ ಬಳಿ ಇರುವ ಕಾರ್ಟ್ರಿಜ್‌ನಿಂದ ನೀವೇ ಫೈಲ್ ತೆಗೆದುಕೊಳ್ಳುವುದಕ್ಕೂ, ಯಾರೋ ತುಂಬಿಸಿ ಮಾರಿದ ಸಾವಿರಾರು ಆಟಗಳ ಕಾರ್ಡಿಗೂ ಇರುವ ಅಂತರ ಇಷ್ಟರಲ್ಲೇ ಗೊತ್ತಾಗುತ್ತದೆ. ಗೇಮ್ ಬಾಯ್ ಕಾರ್ಟ್ರಿಜ್ ಓದಲು ಜಿಬಿ ಆಪರೇಟರ್, ಜಿಬಿಎಕ್ಸ್‌ಕಾರ್ಟ್ ಎಂಬ ಪುಟ್ಟ ಸಾಧನಗಳಿವೆ, ಯುಎಸ್‌ಬಿಗೆ ಸಿಕ್ಕಿಸಿದರೆ ಸಾಕು. ಪ್ಲೇಸ್ಟೇಷನ್ ಸಿ.ಡಿ.ಗೆ ಕಂಪ್ಯೂಟರಿನ ಸಿ.ಡಿ. ಡ್ರೈವ್ ಮತ್ತು ಇಮ್ಗ್‌ಬರ್ನ್ ತಂತ್ರಾಂಶ ಸಾಲುತ್ತವೆ.

ಹಳೆಯ ಕಾರ್ಟ್ರಿಜ್ ಒಂದೂ ಇಲ್ಲದವರು ನಿರಾಶರಾಗಬೇಕಿಲ್ಲ. ಗೇಮ್ ಬಾಯ್‌ಗೆ ಈಗಲೂ ಹೊಸ ಆಟಗಳು ತಯಾರಾಗುತ್ತಿವೆ. ಟೋಬು ಟೋಬು ಗರ್ಲ್ ಎಂಬ ಜಿಗಿದಾಟ ಪುಕ್ಕಟೆ, ಅದರ ಮೂಲ ಸಂಕೇತವೂ ಮುಕ್ತ. ಗೇಮ್ ಬಾಯ್ ಕಲರ್‌ನಲ್ಲಿ ನಗರ ಕಟ್ಟುವ ಮ್ಯುಸಿಟಿಯೂ ಹಾಗೆಯೇ. ಇಚ್ ಡಾಟ್ ಐಓ ತಾಣದಲ್ಲಿ ಹುಡುಕಿದರೆ ಉಚಿತವಾಗಿಯೋ ಚಿಕ್ಕ ಬೆಲೆಗೋ ಇಂಥವು ಬೇಕಾದಷ್ಟು ಸಿಗುತ್ತವೆ, ದುಡ್ಡು ಆಟ ತಯಾರಿಸಿದವರ ಕೈಗೇ ಹೋಗುತ್ತದೆ. ನಿಮ್ಮ ತೊಂದರೆಯನ್ನು ಬಗೆಹರಿಸಿಕೊಳ್ಳುವುದಕ್ಕೂ ಇಂಥದ್ದೊಂದು ಫೈಲಿನಿಂದಲೇ ಶುರು ಮಾಡಿ. ಅದನ್ನು ಜಿಬಿ ಫೋಲ್ಡರಿಗೆ (ಗೇಮ್ ಬಾಯ್ ಕಲರ್‌ನ ಆಟವಾದರೆ ಜಿಬಿಸಿಗೆ) ಹಾಕಿ ಪಟ್ಟಿಯನ್ನು ರಿಫ್ರೆಶ್ ಮಾಡಿ. ಅದು ಓಡಿದರೆ ಕಾರ್ಡು, ವ್ಯವಸ್ಥೆ ಎರಡೂ ಸರಿಯಿವೆ. ದೋಷ ಉಳಿದ ಫೈಲುಗಳಲ್ಲೋ ಅವುಗಳ ಫೋಲ್ಡರಿನಲ್ಲೋ ಇದೆ.

ಯಂತ್ರ ಓಡುತ್ತಿರುವಾಗ ಕಾರ್ಡನ್ನು ಎಳೆಯಬೇಡಿ. ಲ್ಯಾಪ್‌ಟಾಪಿನಿಂದ ತೆಗೆಯುವಾಗಲೂ ‘ಇಜೆಕ್ಟ್’ ಮಾಡಿಯೇ ತೆಗೆಯಿರಿ. ಬರೆಯುವ ಕೆಲಸ ನಡುವೆ ತುಂಡಾದರೆ ಫ್ಯಾಟ್32 ಅದನ್ನು ತಾನಾಗಿ ಸರಿಪಡಿಸಿಕೊಳ್ಳುವುದಿಲ್ಲ. ‘ಸೇವ್ಸ್’ ಫೋಲ್ಡರನ್ನು ಆಗಾಗ ಲ್ಯಾಪ್‌ಟಾಪಿಗೆ ನಕಲಿಸಿಟ್ಟುಕೊಳ್ಳಿ. ಆಟದ ಫೈಲ್ ಕಳೆದರೆ ಮತ್ತೆ ಹಾಕಿಕೊಳ್ಳಬಹುದು, ನಲವತ್ತು ಗಂಟೆ ಆಡಿ ತಲುಪಿದ ಜಾಗ ಮತ್ತೆ ಸಿಗುವುದಿಲ್ಲ. ಆಮೇಲಾಮೇಲೆ ಒಂದೆರಡು ಸಣ್ಣ ಆಟ ಸೇರಿಸಲು ಕಾರ್ಡು ತೆಗೆಯುವ ಅಗತ್ಯವೂ ಇಲ್ಲ. ಮಿನಿ ಪ್ಲಸ್‌ನಲ್ಲಿ ವೈಫೈ ಇದೆ. ಓನಿಯನ್‌ನ ಟ್ವೀಕ್ಸ್ ಮೆನುವಿನ ನೆಟ್‌ವರ್ಕ್ ಭಾಗದಲ್ಲಿ ಫೈಲ್ ಸರ್ವರನ್ನು ಚಾಲೂ ಮಾಡಿ, ಯಂತ್ರದ ಐಪಿ ವಿಳಾಸವನ್ನು ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಬರೆದರೆ ಕಾರ್ಡಿನ ಫೋಲ್ಡರುಗಳು ಅಲ್ಲೇ ತೆರೆದುಕೊಳ್ಳುತ್ತವೆ. ಪ್ಲೇಸ್ಟೇಷನ್ ಆಟಗಳನ್ನು ಆ ದಾರಿಯಲ್ಲಿ ಕಳಿಸಲು ಹೋಗಬೇಡಿ, ಅಷ್ಟು ಹೊತ್ತಿಗೆ ಕಾರ್ಡು ತೆಗೆದು ರೀಡರಿಗೆ ಹಾಕಿ ಕೆಲಸ ಮುಗಿಸಿರುತ್ತೀರಿ.