ಹೊಸ ರ‍್ಯಾಮ್ ಹಾಕಿದ ಮೇಲೆ ಕಂಪ್ಯೂಟರ್ ಎದ್ದರೂ ಅನುಮಾನ ಇರಲಿ

ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಹಳೆಯ ಕಂಪ್ಯೂಟರನ್ನು ಅಷ್ಟು ಸುಲಭಕ್ಕೆ ಯಾರೂ ಮೂಲೆಗೆ ಹಾಕುವುದಿಲ್ಲ. ಅಣ್ಣ ಇಂಜಿನಿಯರಿಂಗ್ ಓದುವಾಗ ತಂದದ್ದು ತಂಗಿಯ ಪಾಲಿಗೆ ಬರುತ್ತದೆ. ತಂಗಿಯ ಡಿಗ್ರಿ ಮುಗಿದ ಮೇಲೆ ಅಪ್ಪನ ಟ್ಯಾಲಿ ಲೆಕ್ಕಕ್ಕೆ ಆಗುತ್ತದೆ. ನಡುವೆ ಎಲ್ಲೋ ಒಂದು ದಿನ ಅದು ತೆವಳಲು ಶುರು ಮಾಡುತ್ತದೆ. ಕೇಳಿದವರೆಲ್ಲ ಕೊಡುವ ಸಲಹೆ ಒಂದೇ: "ರ‍್ಯಾಮ್ ಹಾಕಿಸ್ರಿ." ಕಂಪ್ಯೂಟರ್ ಕೆಲಸ ಮಾಡುವಾಗ ಬೇಕಾದ್ದನ್ನು ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿಯೇ ಈ ರ‍್ಯಾಮ್. ಸಲಹೆ ತಪ್ಪೇನಲ್ಲ. 4 ಜಿಬಿ ಇದ್ದದ್ದು 8 ಆದರೆ ಹಳೆಯ ಯಂತ್ರಕ್ಕೆ ನಿಜಕ್ಕೂ ಜೀವ ಬರುತ್ತದೆ. ಕೆಲಸವೂ ಐದು ನಿಮಿಷದ್ದು. ಸ್ಕ್ರೂ ಬಿಚ್ಚು, ಸ್ಲಾಟಿಗೆ ಒತ್ತು, ಮುಚ್ಚಳ ಹಾಕು.

ಆಮೇಲೆ ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಮುಂದಿನ ಲೈಟು ಹತ್ತುತ್ತದೆ, ಮಾನಿಟರ್ ಮಾತ್ರ ಕರ್ರಗೆ ಕೂತಿರುತ್ತದೆ. ಮನೆಯವರಿಗೆಲ್ಲ ಗಾಬರಿ. ಹೀಗೆ ಪೂರ್ತಿ ನಿಂತುಹೋದರೆ ನಿಮ್ಮ ಅದೃಷ್ಟ ಚೆನ್ನಾಗಿದೆ ಅಂತಲೇ ನಾನು ಹೇಳುತ್ತೇನೆ. ಅಂಥ ಕಂಪ್ಯೂಟರ್ ತನಗೆ ತೊಂದರೆ ಇದೆ ಅಂತ ಒಪ್ಪಿಕೊಂಡಿರುತ್ತದೆ, ಯಾವ ಫೈಲನ್ನೂ ಮುಟ್ಟಿರುವುದಿಲ್ಲ. ಕೆಟ್ಟದ್ದು ಇನ್ನೊಂದು ಬಗೆ. ಅದು ಸರಿಯಾಗಿ ಏಳುತ್ತದೆ, ವಿಂಡೋಸ್ ತೋರಿಸುತ್ತದೆ, 8 ಜಿಬಿ ಅಂತಲೂ ಹೇಳುತ್ತದೆ, ಒಳಗೊಳಗೇ ನಿಮ್ಮ ಲೆಕ್ಕ, ಫೋಟೋ ಎಲ್ಲ ಕೆಡಿಸುತ್ತ ಹೋಗುತ್ತದೆ.

ಎರಡೂ ಯಾಕೆ ಆಗುತ್ತವೆ ಅಂತ ತಿಳಿಯಲು ರ‍್ಯಾಮ್ ಒಳಗೆ ಏನಿದೆ ಅಂತ ನೋಡಬೇಕು. ಒಂದೊಂದು ಬಿಟ್ಟಿಗೆ, ಅಂದರೆ ಒಂದೊಂದು 0 ಅಥವಾ 1ಕ್ಕೆ, ಸ್ವಿಚ್ಚಿನಂಥ ಒಂದು ಟ್ರಾನ್ಸಿಸ್ಟರ್, ಚಾರ್ಜ್ ಹಿಡಿದಿಡುವ ಒಂದು ಕೆಪಾಸಿಟರ್. ಅಷ್ಟೇ. ಐಬಿಎಂ ಕಂಪನಿಯ ರಾಬರ್ಟ್ ಡೆನ್ನಾರ್ಡ್ ಇದನ್ನು 1966ರಲ್ಲಿ ಯೋಚಿಸಿದರು, 1968ರಲ್ಲಿ ಪೇಟೆಂಟ್ ಸಿಕ್ಕಿತು. 1970ರಲ್ಲಿ ಬಂದ ಇಂಟೆಲ್ 1103 ಅನ್ನುವ ಡೈನಾಮಿಕ್ ರ‍್ಯಾಮ್ ಚಿಪ್ಪಿನಲ್ಲಿ ಹಿಡಿಯುತ್ತಿದ್ದದ್ದು ಬರೀ 1024 ಬಿಟ್. ಇವತ್ತು ನೀವು ಅಂಗಡಿಯಿಂದ ಜೇಬಿನಲ್ಲಿ ಹಾಕಿಕೊಂಡು ಬರುವ 8 ಜಿಬಿ ಸ್ಟಿಕ್ಕಿನಲ್ಲಿ ಸುಮಾರು 6,871 ಕೋಟಿ ಬಿಟ್ ಇವೆ. ಅಷ್ಟೂ ಕೆಪಾಸಿಟರುಗಳು ಸರಿಯಾಗಿರಬೇಕು. ಒಂದು ಕೆಟ್ಟರೂ ತಪ್ಪೇ.

ಕೆಪಾಸಿಟರಿನಲ್ಲಿ ಚಾರ್ಜ್ ಇದ್ದರೆ 1, ಇಲ್ಲದಿದ್ದರೆ 0. ತೊಂದರೆ ಏನಪ್ಪಾ ಅಂದರೆ ಆ ಚಾರ್ಜ್ ಸೋರುತ್ತದೆ, ತೂತಿನ ಕೊಡದಲ್ಲಿ ನೀರು ಹಿಡಿದಿಟ್ಟ ಹಾಗೆ. ನಳದ ನೀರನ್ನು ದಿನಗಟ್ಟಲೆ ಹಿಡಿದಿಟ್ಟು ಬಳಸುವ ನಮ್ಮೂರಿನವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಬಿಟ್ಟುಗಳ ಪ್ರತಿ ಸಾಲನ್ನೂ 64 ಮಿಲಿಸೆಕೆಂಡಿಗೊಮ್ಮೆ ಓದಿ ಮತ್ತೆ ತುಂಬಬೇಕು. ಅಂದರೆ ಸೆಕೆಂಡಿಗೆ ಹದಿನೈದು ಸಲಕ್ಕಿಂತ ಜಾಸ್ತಿ. ಚಿಪ್ಪು 85 ಡಿಗ್ರಿ ದಾಟಿ ಬಿಸಿಯಾದರೆ ಸೋರಿಕೆ ಇನ್ನೂ ಹೆಚ್ಚುತ್ತದೆ, ಆಗ 32 ಮಿಲಿಸೆಕೆಂಡಿಗೇ ತುಂಬಬೇಕು. ಏಪ್ರಿಲ್ ಮಧ್ಯಾಹ್ನ ಗದಗಿನ ತಗಡಿನ ಮನೆಯಲ್ಲಿ ಹ್ಯಾಂಗ್ ಆಗುವ ಕಂಪ್ಯೂಟರ್ ಬೆಳಿಗ್ಗೆ ಎಲ್ಲ ಚೆನ್ನಾಗಿ ನಡೆಯುವುದಕ್ಕೆ ಇದೂ ಒಂದು ಕಾರಣ ಆಗಿರಬಹುದು.

ಇನ್ನು ವೇಗ. ಡಿಡಿಆರ್4 ರ‍್ಯಾಮ್ ಮೇಲೆ 3200 ಅಂತ ಬರೆದಿದ್ದರೆ, ಡೇಟಾ ಸಾಗುವ ಒಂದೊಂದು ಗೆರೆಯ ಮೇಲೆ ಸೆಕೆಂಡಿಗೆ 320 ಕೋಟಿ ಬಿಟ್ ಓಡುತ್ತವೆ ಅಂತ ಅರ್ಥ. ಒಂದು ಬಿಟ್ಟಿಗೆ ಸಿಗುವ ಸಮಯದಲ್ಲಿ ಬೆಳಕು ಕೂಡ ಹತ್ತು ಸೆಂಟಿಮೀಟರ್ ದಾಟುವುದಿಲ್ಲ. ರ‍್ಯಾಮ್ ಸ್ಟಿಕ್ಕಿನ ಉದ್ದವೇ 13 ಸೆಂಟಿಮೀಟರ್ ಮೇಲಿದೆ! ಇಷ್ಟು ಬಿಗಿ ಲೆಕ್ಕದಲ್ಲಿ ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರಕ್ಕೂ ಹೊಂದಾಣಿಕೆ ಆಗಬೇಕು. ಅದಕ್ಕೆ ಅಂತಲೇ ಪ್ರತಿ ಸ್ಟಿಕ್ಕಿನ ಮೇಲೆ ಎಸ್‌ಪಿಡಿ ಅನ್ನುವ ಪುಟ್ಟ ಚಿಪ್ಪು ಇರುತ್ತದೆ. ತನ್ನ ವೇಗ ಎಷ್ಟು, ವೋಲ್ಟೇಜ್ ಎಷ್ಟು, ಎಷ್ಟು ಹೊತ್ತು ಕಾಯಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಕಂಪ್ಯೂಟರ್ ಆನ್ ಆದ ಕೂಡಲೇ ಬಯಾಸ್, ಅಂದರೆ ವಿಂಡೋಸಿಗೂ ಮೊದಲು ಏಳುವ ಬೋರ್ಡಿನ ಪ್ರೋಗ್ರಾಮು, ಮಾಡುವ ಮೊದಲ ಕೆಲಸಗಳಲ್ಲಿ ಇದನ್ನು ಓದುವುದೂ ಒಂದು. ಹಳೆಯ ಸ್ಟಿಕ್ ಒಂದು ವೇಗದ್ದು, ಹೊಸದು ಇನ್ನೊಂದು ವೇಗದ್ದು ಆದರೆ, ಬೋರ್ಡು ಸಾಮಾನ್ಯವಾಗಿ ನಿಧಾನದ ಸ್ಟಿಕ್ಕಿಗೆ ಒಗ್ಗುವಂತೆ ಎರಡನ್ನೂ ಓಡಿಸುತ್ತದೆ. ಬಹಳ ಸಲ ಹೊಂದಾಣಿಕೆ ಆಗುತ್ತದೆ. ಕೆಲವು ಸಲ ಆಗುವುದಿಲ್ಲ, ಎರಡು ಸ್ಟಿಕ್ಕುಗಳೂ ಬೇರೆಬೇರೆಯಾಗಿ ಸರಿ ಇದ್ದರೂ.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಪಕ್ಕದ ಮನೆ ಹುಡುಗಿ ಒಂದು ಸಂಜೆ ಬಂದು, "ಕಾಕಾ, ನಿನ್ನೆ ತನಕ ಚಲೋ ಇತ್ತು. ಇವತ್ತ ರ‍್ಯಾಮ್ ಹಾಕಿಸ್ಕೊಂಡ್ ಬಂದ್ವಿ, ಡಿಸ್‌ಪ್ಲೇನ ಬರವಲ್ದು" ಅಂದಳು. ಅಂಗಡಿಯಲ್ಲಿ ನಡೆದಿತ್ತಂತೆ, ಸ್ಕೂಟರಿನಲ್ಲಿ ಮನೆಗೆ ತರುವಷ್ಟರಲ್ಲಿ ನಿಂತಿತ್ತು. ಅವಳ ಅಪ್ಪ ಫೋನು ಮಾಡಿದರೆ ಅಂಗಡಿಯವರು "ಎಸ್‌ಎಂಪಿಎಸ್ ಸಾಲವಲ್ದು, ಬದ್ಲಿ ಮಾಡ್ಬೇಕ್ರಿ" ಅಂದಿದ್ದರು. ಎಸ್‌ಎಂಪಿಎಸ್ ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ. ಈ ಮಾತು ನನಗೆ ಯಾವತ್ತೂ ಗಂಟಲಲ್ಲಿ ಇಳಿಯುವುದಿಲ್ಲ. ಒಂದು ರ‍್ಯಾಮ್ ಸ್ಟಿಕ್ ತಿನ್ನುವುದು ಹೆಚ್ಚೆಂದರೆ ಐದಾರು ವ್ಯಾಟ್. ಅಡುಗೆಮನೆಯ ಎಲ್‌ಇಡಿ ಬಲ್ಬು ಒಂಬತ್ತು ವ್ಯಾಟ್ ತಿನ್ನುತ್ತದೆ. ನಿನ್ನೆ ತನಕ ಇಡೀ ಕಂಪ್ಯೂಟರ್ ಓಡಿಸಿದ ಎಸ್‌ಎಂಪಿಎಸ್ ಇಷ್ಟಕ್ಕೇ ಸೋಲುವುದು ಬಹಳ ಅಪರೂಪ.

ಸಿಪಿಯು ಡಬ್ಬ ಬಿಚ್ಚಿ ಟಾರ್ಚು ಬಿಟ್ಟೆ. ಹೊಸ ಸ್ಟಿಕ್ಕಿನ ಒಂದು ತುದಿಯ ಕ್ಲಿಪ್ ಗಟ್ಟಿ ಕೂತಿತ್ತು. ಇನ್ನೊಂದು ತುದಿಯದು ಅರ್ಧ ಮಾತ್ರ ಮುಚ್ಚಿತ್ತು. ಪಕ್ಕದಿಂದ ನೋಡಿದರೆ ಬಂಗಾರದ ಬಣ್ಣದ ಗೆರೆ ಒಂದು ಕಡೆ ಕೂದಲೆಳೆಯಷ್ಟು ಕಾಣುತ್ತಿತ್ತು, ಇನ್ನೊಂದು ಕಡೆ ಇಲ್ಲ. ಡಿಡಿಆರ್4 ಸ್ಟಿಕ್ಕಿಗೆ 288 ಪಿನ್ನು. ಅಷ್ಟರಲ್ಲಿ ಎರಡು ಮೂರು ಸರಿಯಾಗಿ ಮುಟ್ಟದಿದ್ದರೂ ಸಾಕು. ಸ್ಕೂಟರಿನ ಒಂದು ಕುಲುಕಿಗೆ ಅಷ್ಟು ಆಗಿತ್ತು. ಎರಡೂ ಹೆಬ್ಬೆರಳಿನಿಂದ ಎರಡೂ ತುದಿಯನ್ನು ಸಮನಾಗಿ ಒತ್ತಿದರೆ 'ಟಕ್' ಅಂತ ಸದ್ದು ಬರಬೇಕು. ಬಂತು. ಡಿಸ್‌ಪ್ಲೇನೂ ಬಂತು. ಅವತ್ತಿಗೆ ಎಲ್ಲರೂ ಖುಷಿ. ಕತೆ ಅಲ್ಲಿಗೆ ಮುಗಿಯಲಿಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಬಿಚ್ಚುವ ಮೊದಲು ಪವರ್ ಕೇಬಲ್ ಪೂರ್ತಿ ಕಿತ್ತು, ಆನ್ ಬಟನ್ನನ್ನು ಐದು ಸೆಕೆಂಡು ಒತ್ತಿ ಹಿಡಿಯಿರಿ. ಕಂಪ್ಯೂಟರ್ ಶಟ್‌ಡೌನ್ ಆಗಿದ್ದರೂ ಬೋರ್ಡಿನಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ. ಡಿಸೆಂಬರ್-ಜನವರಿಯ ಒಣ ಹವೆಯಲ್ಲಿ ಸ್ವೆಟರ್ ತೆಗೆದರೆ ಚಟಚಟ ಅನ್ನುತ್ತದಲ್ವಾ, ಅಂಥ ದಿನ ಇನ್ನೂ ಹುಷಾರು. ಮೈಮೇಲಿನ ಸ್ಥಿರ ವಿದ್ಯುತ್ತು ಚಟ್ ಅಂತ ನಮಗೆ ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಚಿಪ್ಪು ಕೆಡಲು ಕೆಲವು ನೂರು ವೋಲ್ಟ್ ಸಾಕು. ಹಾಗಾಗಿ ಡಬ್ಬದ ಬಣ್ಣ ಇಲ್ಲದ ಲೋಹದ ಭಾಗವನ್ನು ಮೊದಲು ಮುಟ್ಟಿ, ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿಯಿರಿ. ಕಂಪ್ಯೂಟರ್ ಆನ್ ಇದ್ದಾಗ ಡಬ್ಬ ಮುಟ್ಟಿದರೆ ಜುಮ್ ಅನ್ನುತ್ತಿದ್ದರೆ ನಿಮ್ಮ ಮನೆಯ ಅರ್ಥಿಂಗ್ ಸರಿ ಇಲ್ಲ. ಅದು ರ‍್ಯಾಮಿನ ದೋಷ ಅಲ್ಲ, ಎಲೆಕ್ಟ್ರಿಷಿಯನ್ನನ್ನು ಕರೆಸಿ.

ರಬ್ಬರಿನಿಂದ ತಿಕ್ಕುವ ವಿದ್ಯೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಶಾಲೆಯ ಪೆನ್ಸಿಲ್ ರಬ್ಬರಿನಿಂದ ರ‍್ಯಾಮಿನ ಪಿನ್ನು ತಿಕ್ಕಿ ಹಾಕಿದರೆ ಕಂಪ್ಯೂಟರ್ ಎದ್ದುಬಿಡುತ್ತದೆ, ನಿಜ. ಪಿನ್ನಿಗೆ ಬಂಗಾರದ ಲೇಪ ಇರುವುದರಿಂದ ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ಆದರೆ ನಮ್ಮ ಊರಿನ ಧೂಳು, ಬೆರಳಿನ ಎಣ್ಣೆ ಅದರ ಮೇಲೆ ಕೂರುತ್ತವೆ. ರಬ್ಬರು ಅದನ್ನು ತೆಗೆಯುತ್ತದೆ. ಜೊತೆಗೆ ತೆಳ್ಳನೆಯ ಬಂಗಾರವನ್ನೂ ಚೂರುಚೂರೇ ಕೆರೆಯುತ್ತದೆ, ರಬ್ಬರಿನ ಪುಡಿ ಸ್ಲಾಟಿಗೂ ಬೀಳಬಹುದು. ಹಳೆಯ ಸ್ಟಿಕ್ಕಿಗೆ ಒಮ್ಮೆ ಮಾಡಿದರೆ ಪರವಾಗಿಲ್ಲ. ಹೊಸದಕ್ಕೆ ಬೇಡ. ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆ ಇದ್ದರೆ ಅದೇ ಚಲೋ. ಮತ್ತೊಂದು ಮಾತು: ಎಷ್ಟೋ ಸಲ ಕೆಲಸ ಮಾಡಿದ್ದು ರಬ್ಬರಲ್ಲ, ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿದ್ದು.

ಕೂರಿಸಿದರೂ ಏಳದಿದ್ದರೆ ಒಂದೊಂದೇ ಅನುಮಾನ ತೆಗೆದುಹಾಕುತ್ತ ಹೋಗಬೇಕು. ಹೊಸದನ್ನು ತೆಗೆದು ಹಳೆಯದೊಂದನ್ನೇ ಅದು ಮೊದಲಿದ್ದ ಸ್ಲಾಟಿನಲ್ಲಿ ಹಾಕಿ. ಎದ್ದರೆ ಬೋರ್ಡು ಸರಿ ಇದೆ. ಈಗ ಹಳೆಯದನ್ನು ತೆಗೆದು, ಅದೇ ಸ್ಲಾಟಿಗೆ ಹೊಸದನ್ನು ಹಾಕಿ. ಏಳದಿದ್ದರೆ ಹೊಸ ಸ್ಟಿಕ್ ಕೆಟ್ಟಿದೆ, ಇಲ್ಲವೇ ನಿಮ್ಮ ಬೋರ್ಡಿಗೆ ಒಗ್ಗುವುದಿಲ್ಲ. ಎದ್ದರೆ, ಹೊಸದನ್ನು ತೆಗೆದು ಹಳೆಯದೊಂದನ್ನೇ ಇಷ್ಟು ದಿನ ಖಾಲಿ ಇದ್ದ ಸ್ಲಾಟಿಗೆ ಹಾಕಿ ನೋಡಿ. ಅಲ್ಲಿ ಏಳದಿದ್ದರೆ ಆ ಸ್ಲಾಟೇ ಕಳ್ಳ. ಎಲ್ಲವೂ ಒಂದೊಂದಾಗಿ ಎದ್ದು, ಜೊತೆಗೆ ಹಾಕಿದಾಗ ಮಾತ್ರ ನಿಂತರೆ ಎರಡಕ್ಕೂ ಹೊಂದಾಣಿಕೆ ಇಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದನ್ನು ಬಿಟ್ಟು ರ‍್ಯಾಮ್, ಕೇಬಲ್, ಬಯಾಸ್ ಸೆಟ್ಟಿಂಗ್ ಎಲ್ಲ ಒಟ್ಟಿಗೆ ಬದಲಿಸಿದರೆ, ಸರಿಯಾದರೂ ಯಾಕೆ ಸರಿಯಾಯಿತು ಅಂತ ತಿಳಿಯುವುದಿಲ್ಲ.

ಇನ್ನೊಂದು ಚೆಂದದ ಉಪಾಯ ಇದೆ. ರ‍್ಯಾಮ್ ಎಲ್ಲ ತೆಗೆದು ಆನ್ ಮಾಡಿ. ಬೋರ್ಡಿಗೆ ಚಿಕ್ಕ ಸ್ಪೀಕರ್ ಇದ್ದರೆ ಬೀಪ್ ಬೀಪ್ ಅಂತ ಗೋಳಿಡಬೇಕು. ಗೋಳಿಟ್ಟರೆ ಪ್ರೊಸೆಸರ್, ಬೋರ್ಡು ಎರಡೂ ಬದುಕಿವೆ. ಕೆಲವು ಹೊಸ ಬೋರ್ಡುಗಳಲ್ಲಿ ಸ್ಪೀಕರ್ ಬದಲು ಡಿರ‍್ಯಾಮ್ ಅಂತ ಬರೆದ ಚಿಕ್ಕ ಲೈಟ್ ಹತ್ತುತ್ತದೆ. ಬಯಾಸಿನಲ್ಲಿ ಎಕ್ಸ್‌ಎಂಪಿ ಅನ್ನುವ, ಮೆಮೊರಿಯನ್ನು ಜಾಸ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್ ಆನ್ ಮಾಡಿದ್ದರೆ ಆಫ್ ಮಾಡಿ. ಅಲ್ಲಿಗೂ ಹೋಗಲು ಆಗದಿದ್ದರೆ, ಕೇಬಲ್ ಕಿತ್ತು, ಬೋರ್ಡಿನ ಮೇಲಿರುವ ಬಿಲ್ಲೆಯಂಥ 3 ವೋಲ್ಟಿನ ಸೆಲ್ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಹಾಕಿ, ಬಯಾಸ್ ಸೆಟ್ಟಿಂಗ್ ಮೊದಲಿನಂತಾಗುತ್ತದೆ. ಡಿಡಿಆರ್5 ಹಾಕಿದವರು ಮಾತ್ರ ಆತುರ ಪಡಬೇಡಿ. ಮೊದಲ ಸಲ ಆನ್ ಮಾಡಿದಾಗ ಬೋರ್ಡು ಆ ರ‍್ಯಾಮಿನ ಸಮಯ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳಬಹುದು. ಅಷ್ಟು ಹೊತ್ತೂ ಪರದೆ ಕಪ್ಪೇ.

ಖರೀದಿಯಲ್ಲೇ ಎಡವುವವರೂ ಇದ್ದಾರೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ವೋಲ್ಟೇಜೂ ಬೇರೆ: 1.5, 1.2, 1.1. ತಪ್ಪಿ ಹಾಕಬಾರದು ಅಂತಲೇ ನಡುವಿನ ಕಚ್ಚನ್ನು ಬೇರೆಬೇರೆ ಜಾಗದಲ್ಲಿ ಕೊಟ್ಟಿದ್ದಾರೆ. ಕೂರದಿದ್ದರೆ ಬಲ ಹಾಕಬೇಡಿ. ಆನ್‌ಲೈನಿನಲ್ಲಿ 8 ಜಿಬಿ ಡಿಡಿಆರ್3 ಎಲ್ಲರಿಗಿಂತ ಅಗ್ಗಕ್ಕೆ ಸಿಕ್ಕಿದರೆ ಕೆಳಗಿನ ಸಣ್ಣ ಅಕ್ಷರ ಓದಿ. ಅವುಗಳಲ್ಲಿ ಕೆಲವು ಎಎಂಡಿ ಬೋರ್ಡಿಗೆ ಮಾತ್ರ ಆಗುವಂಥವು. ಇಂಟೆಲ್ ಬೋರ್ಡಿಗೆ ಹಾಕಿದರೆ ಏಳುವುದೇ ಇಲ್ಲ, ಸ್ಟಿಕ್ ಹೊಚ್ಚ ಹೊಸದಾಗಿದ್ದರೂ. ಹಾಗೇ 8 ಜಿಬಿ ಹಾಕಿದರೂ ವಿಂಡೋಸ್ ಮೂರು ಚಿಲ್ಲರೆ ಜಿಬಿ ಮಾತ್ರ ಬಳಸುತ್ತಿದ್ದರೆ, ನಿಮ್ಮದು 32 ಬಿಟ್ಟಿನ ವಿಂಡೋಸ್ ಇರಬಹುದು. ಮನೆಯಲ್ಲಿ ಬಳಸುವ ಅಂಥ ವಿಂಡೋಸಿಗೆ 4 ಜಿಬಿಯೇ ಗಡಿ. ಅದರಲ್ಲೂ ಸ್ವಲ್ಪ ಭಾಗ ಬೇರೆ ಯಂತ್ರಾಂಶಕ್ಕೆ ಹೋಗುತ್ತದೆ.

ಈಗ ಮಾಳಮಡ್ಡಿಗೆ ವಾಪಸ್ ಬರೋಣ. ಎದ್ದ ಕಂಪ್ಯೂಟರ್ ಕೆಲವು ದಿನ ನಡೆಯಿತು. ಆಮೇಲೆ ನೀಲಿ ಪರದೆ ಶುರುವಾಯಿತು. ಒಂದೊಂದು ಸಲ ಒಂದೊಂದು ಎರರ್. ಪೆನ್‌ಡ್ರೈವಿನಿಂದ ಕಾಪಿ ಮಾಡಿದ ಅಕ್ಕನ ಮದುವೆ ಫೋಟೋಗಳ ಜಿಪ್ ಫೈಲ್ ಬಿಚ್ಚಿಕೊಳ್ಳಲಿಲ್ಲ. "ವೈರಸ್ ಇರಬೇಕು, ಫಾರ್ಮ್ಯಾಟ್ ಹೊಡೀರಿ" ಅಂತ ಅಂಗಡಿಯವರು ಅಂದರು. ರ‍್ಯಾಮ್ ಮೇಲೆ ಅನುಮಾನ ಇರುವಾಗ ಮಾಡಲೇಬಾರದ ಕೆಲಸ ಅದು. ವಿಂಡೋಸ್ ಹಾಕುವಾಗ ಪ್ರತಿ ಫೈಲೂ ರ‍್ಯಾಮ್ ಮೂಲಕವೇ ಡಿಸ್ಕಿಗೆ ಹೋಗುತ್ತದೆ. ದಾರಿಯಲ್ಲೇ ಕೆಟ್ಟರೆ ಹೊಸ ವಿಂಡೋಸೂ ಹುಟ್ಟುತ್ತಲೇ ಕೆಟ್ಟಿರುತ್ತದೆ.

ಮೆಮ್‌ಟೆಸ್ಟ್86+ ಅನ್ನುವ ಉಚಿತ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿ, ಅದರಿಂದಲೇ ಕಂಪ್ಯೂಟರ್ ಆನ್ ಮಾಡಿದೆವು. ಅದರ ಕೆಲಸ ಸರಳ. ಮೆಮೊರಿಯ ಮೂಲೆಮೂಲೆಗೂ ಒಂದು ನಮೂನೆ ಬರೆಯುವುದು, ಮತ್ತೆ ಓದುವುದು, ಹೋಲಿಸುವುದು. ಮೊದಲ ಸುತ್ತಿನಲ್ಲಿ ಏನೂ ಸಿಗಲಿಲ್ಲ. ಹುಡುಗಿ "ಸಾಕು ಬಿಡ್ರಿ ಕಾಕಾ" ಅಂದಳು. ರಾತ್ರಿ ಇಡೀ ಓಡಲಿ ಅಂದೆ. ಬೆಳಿಗ್ಗೆ ನೋಡಿದರೆ ಪರದೆಯ ಮೇಲೆ ಕೆಂಪು ಸಾಲುಗಳು. ಎಲ್ಲ ಎಫ್ ಅಕ್ಷರವೇ ಇರಬೇಕಾದ ಕಡೆ ನಡುವೆ ಒಂದು ಬಿ. ಕಂಪ್ಯೂಟರಿನ ಹದಿನಾರರ ಲೆಕ್ಕದಲ್ಲಿ ಎಫ್ ಅಂದರೆ 15, ಅಂದರೆ 1111. ಬಿ ಅಂದರೆ 11, ಅಂದರೆ 1011. ಕೇವಲ ಒಂದು ಬಿಟ್ ಬಿದ್ದುಹೋಗಿತ್ತು. ಬಂದ ಸಾಲುಗಳಲ್ಲೆಲ್ಲ ಅದೇ ವಿಳಾಸ, ಅದೇ ಬಿಟ್. ಸ್ಟಿಕ್ ಬಿಸಿಯಾದ ಮೇಲಷ್ಟೇ. ಒಂದೊಂದೇ ಸ್ಟಿಕ್ ಇಟ್ಟು ಮತ್ತೆ ಓಡಿಸಿದಾಗ ತಪ್ಪು ಬಂದದ್ದು ಹೊಸದರಲ್ಲಿ ಮಾತ್ರ. ವಿಂಡೋಸಿನ ಒಳಗೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ನನಗೆ ಮೆಮ್‌ಟೆಸ್ಟ್ ಮೇಲೆ ನಂಬಿಕೆ ಜಾಸ್ತಿ.

ಒಂದು ಬಿಟ್ ಅಂದರೆ ಏನು ಮಹಾ ಅನ್ನಿಸಬಹುದು. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಚುನಾವಣೆ ಎಣಿಕೆಯಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಿಗೆ ಬಂದಿತ್ತು. 4096 ಅಂದರೆ ಎರಡನ್ನು ಹನ್ನೆರಡು ಸಲ ಗುಣಿಸಿದ್ದು, ಸರಿಯಾಗಿ ಒಂದು ಬಿಟ್. ಪ್ರೋಗ್ರಾಮಿನಲ್ಲಿ ತಪ್ಪು ಸಿಗಲಿಲ್ಲ. ಮೆಮೊರಿಯ ಒಂದು ಬಿಟ್ ತಾನಾಗಿ ತಿರುಗಿದ್ದಿರಬೇಕು ಅಂತ ತಜ್ಞರು ಹೇಳಿದರು. ಗೂಗಲ್ ತನ್ನ ಸರ್ವರುಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ ನೂರರಲ್ಲಿ ಎಂಟಕ್ಕಿಂತ ಹೆಚ್ಚು ಸ್ಟಿಕ್ಕುಗಳಲ್ಲಿ ಒಮ್ಮೆಯಾದರೂ ತಪ್ಪು ಕಂಡಿತ್ತು. ಸರ್ವರುಗಳಲ್ಲಿ ಇಸಿಸಿ ಅನ್ನುವ ರ‍್ಯಾಮ್ ಇರುತ್ತದೆ. ಒಂದು ಬಿಟ್ ತಪ್ಪಾದರೆ ತಾನೇ ತಿದ್ದಿಕೊಂಡು, ತಪ್ಪನ್ನು ಬರೆದಿಡುತ್ತದೆ. ನಮ್ಮ ಮನೆಯ ಸಾಮಾನ್ಯ ಕಂಪ್ಯೂಟರುಗಳಿಗೆ ಆ ಭಾಗ್ಯ ಇಲ್ಲ. ಅವು ತಪ್ಪನ್ನು ಸರಿ ಅಂತಲೇ ತಿಳಿದು ಡಿಸ್ಕಿಗೆ ಬರೆಯುತ್ತವೆ.

ಮೆಮ್‌ಟೆಸ್ಟಿನ ಕೆಂಪು ಸಾಲುಗಳ ಫೋಟೋ ಮೊಬೈಲಿನಲ್ಲಿ ತೆಗೆದು, ಬಿಲ್ಲಿನ ಜೊತೆ ತೋರಿಸಿದ ಮೇಲೆ ಅಂಗಡಿಯವರು ಮರುಮಾತಾಡದೆ ಸ್ಟಿಕ್ ಬದಲಿಸಿ ಕೊಟ್ಟರು. ರ‍್ಯಾಮಿಗೆ ಕಂಪನಿಗಳು ವರ್ಷಗಟ್ಟಲೆ ವಾರಂಟಿ ಕೊಡುತ್ತವೆ, ಬಿಲ್ ಎಸೆಯಬೇಡಿ. ಹೊಸ ಸ್ಟಿಕ್ಕಿಗೂ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿಯೇ ವಿಂಡೋಸ್ ಆನ್ ಮಾಡಿದೆವು. ಅಷ್ಟಾದರೂ ಒಂದು ಕೆಲಸ ಉಳಿದಿತ್ತು. ರ‍್ಯಾಮ್ ಬದಲಿಸಿದರೆ ಡಿಸ್ಕಿನಲ್ಲಿ ಆಗಲೇ ಕೆಟ್ಟು ಕೂತ ಫೈಲುಗಳು ಸರಿಯಾಗುವುದಿಲ್ಲ. ಆ ದಿನಗಳಲ್ಲಿ ಕಾಪಿ ಮಾಡಿದ್ದು, ಸೇವ್ ಮಾಡಿದ್ದು ಎಲ್ಲವನ್ನೂ ತಾರೀಖು ನೋಡಿ ತೆರೆದು ಪರೀಕ್ಷಿಸಬೇಕು. ಅವಳ ಪುಣ್ಯಕ್ಕೆ ಪೆನ್‌ಡ್ರೈವಿನಲ್ಲಿ ಮದುವೆ ಫೋಟೋಗಳು ಹಾಗೇ ಇದ್ದವು, ಮತ್ತೆ ಕಾಪಿ ಮಾಡಿಕೊಂಡಳು. ಅಪ್ಪನ ಟ್ಯಾಲಿಗೆ ಮಾತ್ರ ರ‍್ಯಾಮ್ ಹಾಕಿಸುವ ಹಿಂದಿನ ದಿನದ ಬ್ಯಾಕಪ್ ತೆಗೆದು, ಅಲ್ಲಿಂದೀಚೆಗಿನ ಎಂಟ್ರಿಗಳನ್ನೆಲ್ಲ ಬಿಲ್ ನೋಡಿಕೊಂಡು ಇಬ್ಬರೂ ಕೂತು ಮತ್ತೆ ಹೊಡೆದರು.